ಲೈಬ್ರರಿಯ ಒಳಗೆ ನೋಡೋಕೆ ಆಗುತ್ತಾ? ಗೇಮ್ ಕಟ್ಟುವವರ ಹಳೇ ಪ್ರಶ್ನೆ

1997ರ ಡಿಸೆಂಬರ್‌ನಲ್ಲಿ ಐಡಿ ಸಾಫ್ಟ್‌ವೇರ್ ಕಂಪನಿ ತನ್ನ 'ಡೂಮ್' ಗೇಮ್‌ನ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮರ್‌ಗಳು ಬರೆದ ಮೂಲ ಕೋಡನ್ನು, ಎಲ್ಲರಿಗೂ ಬಿಟ್ಟುಕೊಟ್ಟಿತು. ಜನ ಆ ಗೇಮ್ ಆಡಿದ್ದು ಹೆಚ್ಚಾಗಿ ಡಾಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ. ಆದರೆ ಹೊರಬಂದದ್ದು ಲಿನಕ್ಸ್ ಆವೃತ್ತಿಯ ಕೋಡ್. ಡಾಸ್ ಆವೃತ್ತಿಯಲ್ಲಿ ಸದ್ದಿಗೆ ಬಳಸಿದ್ದ ಲೈಬ್ರರಿ, ಅಂದರೆ ತಂದು ಬಳಸುವ ಸಿದ್ಧ ಕೋಡ್, ಬೇರೆಯವರದಾಗಿತ್ತು. ಅದನ್ನು ಹಂಚುವ ಹಕ್ಕು ಐಡಿಗೆ ಇರಲಿಲ್ಲ. ಆ ಲೈಬ್ರರಿ ಬಳಸಿದ್ದೇ ದೊಡ್ಡ ತಪ್ಪು ಎಂದು ಐಡಿಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಕೋಡಿನ ಜೊತೆಗಿಟ್ಟ ಟಿಪ್ಪಣಿಯಲ್ಲಿ ಬರೆದರು.

ಸದ್ದು, ಫಿಸಿಕ್ಸ್, ವಿಂಡೋ ತೆರೆಯೋದು, ಜಾಯ್‌ಸ್ಟಿಕ್ ಓದೋದು ಎಲ್ಲವನ್ನೂ ನಾವೇ ಬರೆದುಕೊಂಡು ಕೂತರೆ ಗೇಮ್ ಮುಗಿಯೋದೇ ಇಲ್ಲ. ಯಾರದ್ದಾದರೂ ಕೋಡ್ ತರಲೇಬೇಕು. ತಂದಮೇಲೆ ಅದರ ಒಳಗೆ ನೋಡಬಹುದಾ? ಬೇಡವಾದಾಗ ಕಿತ್ತು ಬೇರೆಯದು ಹಾಕಬಹುದಾ? ಲೈಬ್ರರಿ ಆರಿಸುವಾಗ ಮೊದಲು ಕೇಳಬೇಕಾದದ್ದು ಇದನ್ನೇ ಎಂದು ನಾನು ನಂಬುತ್ತೇನೆ. ಅದರಲ್ಲಿ ಏನೇನು ಸೌಲಭ್ಯ ಇದೆ ಅನ್ನೋದು ಆಮೇಲಿನ ಮಾತು.

ದುಡ್ಡು ಕೊಟ್ಟು ಕೊಂಡರೂ ಈ ಚಿಂತೆ ತಪ್ಪಲ್ಲ. 2000ದ ಮೊದಲ ವರ್ಷಗಳಲ್ಲಿ ಕ್ರೈಟೀರಿಯನ್ ಕಂಪನಿಯ ರೆಂಡರ್‌ವೇರ್ ಎಂಬ ಗೇಮ್ ಎಂಜಿನ್, ಅಂದರೆ ಗೇಮ್ ಕಟ್ಟಲು ಬೇಕಾದ ಬುನಾದಿ ಕೋಡ್, ಬಹಳ ಜನಪ್ರಿಯವಾಗಿತ್ತು. 'ಗ್ರ್ಯಾಂಡ್ ಥೆಫ್ಟ್ ಆಟೊ 3', 'ವೈಸ್ ಸಿಟಿ', 'ಸ್ಯಾನ್ ಆಂಡ್ರಿಯಾಸ್' ಮೂರೂ ಅದರ ಮೇಲೆಯೇ ನಿಂತಿದ್ದವು. 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಇಡೀ ಕ್ರೈಟೀರಿಯನ್ನನ್ನೇ ಕೊಂಡುಕೊಂಡಿತು. ಉಳಿದ ಸ್ಟುಡಿಯೋಗಳ ಗೇಮ್‌ಗಳ ಬುನಾದಿ ರಾತ್ರೋರಾತ್ರಿ ಪ್ರತಿಸ್ಪರ್ಧಿಯ ಕೈ ಸೇರಿತು. ಆ ಮೂರು ಗೇಮ್‌ಗಳ ಕಂಪನಿ ರಾಕ್‌ಸ್ಟಾರ್ ತನ್ನದೇ ಆದ ರೇಜ್ ಎಂಜಿನ್ ಕಟ್ಟಿಕೊಂಡಿತು. ಅಷ್ಟು ಶಕ್ತಿ ಎಲ್ಲರಿಗೂ ಇರಲ್ಲ, ಅಲ್ವಾ?

ಸಣ್ಣವರಿಗೆ ದಾರಿ ಮಾಡಿಕೊಟ್ಟದ್ದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ನೋಡಿ, ಬದಲಿಸಿ, ಬಳಸಬಹುದಾದ ಕೋಡ್. 1998ರಲ್ಲಿ ಸ್ಯಾಮ್ ಲ್ಯಾಂಟಿಂಗಾ ಶುರುಮಾಡಿದ ಎಸ್‌ಡಿಎಲ್ ಲೈಬ್ರರಿ ಇದರಲ್ಲಿ ಮುಖ್ಯವಾದದ್ದು. ವಿಂಡೋ, ಕೀಬೋರ್ಡ್, ಆಡಿಯೋ ಎಲ್ಲವನ್ನೂ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳಲ್ಲಿ ಒಂದೇ ರೀತಿ ಬಳಸುವ ಹಾಗೆ ಅದು ಮಾಡಿತು. ಆದರೆ ಅದರ 1.2 ಆವೃತ್ತಿ ಎಲ್‌ಜಿಪಿಎಲ್ ಲೈಸೆನ್ಸಿನಲ್ಲಿತ್ತು. ಬಳಕೆದಾರ ಬಯಸಿದರೆ ಲೈಬ್ರರಿಯನ್ನು ಬದಲಿಸಿಕೊಳ್ಳಲು ಆಗಬೇಕು ಅನ್ನೋದು ಅದರ ಷರತ್ತು. ಪಿಸಿಯಲ್ಲಿ ಇದು ಸುಲಭ. ಲೈಬ್ರರಿ ಬೇರೆ ಫೈಲಾಗಿ ಇರುತ್ತದೆ, ಅದನ್ನು ಬದಲಿಸಿದರಾಯಿತು. ಆಗಿನ ಐಫೋನಿನಲ್ಲಿ ಮಾತ್ರ ಎಲ್ಲವನ್ನೂ ಒಂದೇ ಫೈಲಿನಲ್ಲಿ ಬೆಸೆಯಬೇಕಿತ್ತು. ಡೆವಲಪರ್‌ಗಳು ಇಕ್ಕಟ್ಟಿಗೆ ಸಿಕ್ಕಿಕೊಂಡರು. 2013ರಲ್ಲಿ ಬಂದ ಎಸ್‌ಡಿಎಲ್ 2.0, ಅಂಥ ಷರತ್ತಿಲ್ಲದ ಝ್‌ಲಿಬ್ ಲೈಸೆನ್ಸಿಗೆ ಬದಲಾದ ಮೇಲೆ ಈ ತೊಡಕು ಹೋಯಿತು. ಲೈಸೆನ್ಸ್ ಅಂದರೆ ಸುಮ್ನೆ ಕೊನೆಗೆ ಅಂಟಿಸುವ ಕಾಗದ ಎಂದುಕೊಳ್ಳುವವರು ಈ ಕಥೆ ನೆನಪಿಡಬೇಕು.

ಧಾರಾಳ ಲೈಸೆನ್ಸಿಗೂ ಇನ್ನೊಂದು ಮುಖ ಇದೆ. ಎರಿನ್ ಕ್ಯಾಟೊ ಬರೆದ ಬಾಕ್ಸ್2ಡಿ ಫಿಸಿಕ್ಸ್ ಲೈಬ್ರರಿ ಆಗ ಝ್‌ಲಿಬ್ ಲೈಸೆನ್ಸಿನಲ್ಲೇ ಇತ್ತು. 'ಆಂಗ್ರಿ ಬರ್ಡ್ಸ್'ನ ಹಕ್ಕಿಗಳು ಹಾರಿ ಬೀಳೋದು, ಮರದ ದಿಮ್ಮಿಗಳು ಕುಸಿಯೋದು ಅದರಿಂದಲೇ. ಹೆಸರು ಹಾಕಲೇಬೇಕೆಂಬ ಷರತ್ತು ಆ ಲೈಸೆನ್ಸಿನಲ್ಲಿ ಇಲ್ಲ. 2011ರ ಗೇಮ್ ಡೆವಲಪರ್ಸ್ ಸಮ್ಮೇಳನದಲ್ಲಿ ಆಂಗ್ರಿ ಬರ್ಡ್ಸ್ ಮಾಡಿದ ರೋವಿಯೋದವರ ಭಾಷಣ ಮುಗಿದಾಗ ಕ್ಯಾಟೊ ಎದ್ದುನಿಂತು, ನಿಮ್ಮ ಗೇಮ್‌ನಲ್ಲಿ ಯಾವ ಫಿಸಿಕ್ಸ್ ಎಂಜಿನ್ ಇದೆ ಎಂದು ಕೇಳಿದರು. ಬಾಕ್ಸ್2ಡಿ ಎಂಬ ಉತ್ತರ ಬಂತು. ಹಾಗಿದ್ದರೆ ಅದರ ಹೆಸರು ಹಾಕುತ್ತೀರಾ, ಅದನ್ನು ಬರೆದವನು ನಾನೇ ಎಂದರು. ಷರತ್ತು ಇರಲಿ ಬಿಡಲಿ, ಬರೆದವರ ಹೆಸರು ಹಾಕಿ. ಅದಕ್ಕೆ ಖರ್ಚೇನೂ ಇಲ್ಲ.

ಇನ್ನು ಪ್ರೊಫೈಲರ್ ವಿಷಯ. ಗೇಮ್ ತಡವರಿಸಿದಾಗ ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಉಪಕರಣ ಇದು. 1982ರಲ್ಲೇ ಬಂದ ಜಿಪ್ರೊಫ್ ಬಹಳ ಕಾಲ ಎಲ್ಲರ ಕೈಯಲ್ಲಿತ್ತು. ಅದು ಸಾಮಾನ್ಯವಾಗಿ ಸೆಕೆಂಡಿಗೆ 100 ಸಲ ಪ್ರೋಗ್ರಾಂ ಎಲ್ಲಿದೆ ಎಂದು ನೋಡಿಕೊಂಡು, ಪ್ರೋಗ್ರಾಂ ಮುಗಿದಮೇಲೆ ಒಟ್ಟು ಲೆಕ್ಕ ಕೊಡುತ್ತದೆ. ಗೇಮಿಗೆ ಇದು ಸಾಲದು. ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ ಮೇಲೆ 60 ಚಿತ್ರ, ಬೇಕೆಂದರೆ ಒಂದು ಫ್ರೇಮಿಗೆ ಸಿಗೋದು 16.7 ಮಿಲಿಸೆಕೆಂಡ್. ಜಿಪ್ರೊಫ್ ಅದರೊಳಗೆ ನೋಡುವುದು ಒಂದೋ ಎರಡೋ ಸಲ. ನೂರು ಫ್ರೇಮಿನಲ್ಲಿ ಒಂದು ಮಾತ್ರ 80 ಮಿಲಿಸೆಕೆಂಡ್ ತೆಗೆದುಕೊಂಡರೂ ಆಡುವವನಿಗೆ ಪಟ್ಟನೆ ಗೊತ್ತಾಗುತ್ತದೆ. ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ.

ಈ ಕೊರತೆಯನ್ನು ತುಂಬಿದ್ದು ಫ್ರೇಮ್ ಲೆಕ್ಕದ ಪ್ರೊಫೈಲರ್‌ಗಳು. ಬಾರ್ತೋಷ್ ತಾವುದುಲ್ ಬರೆದ ಟ್ರೇಸಿ, ಬಿಎಸ್‌ಡಿ ಎಂಬ ಧಾರಾಳ ಲೈಸೆನ್ಸಿನಲ್ಲಿ ಸಿಗುತ್ತದೆ. ಫಂಕ್ಷನ್ನಿನ ಮೊದಲ ಸಾಲಿನಲ್ಲಿ 'ಝೋನ್‌ಸ್ಕೋಪ್ಡ್', ಫ್ರೇಮಿನ ಕೊನೆಗೆ 'ಫ್ರೇಮ್‌ಮಾರ್ಕ್' ಎಂದು ಬರೆದರೆ ಸಾಕು. ಗೇಮ್ ಓಡುತ್ತಿರುವಾಗಲೇ ಇನ್ನೊಂದು ಕಂಪ್ಯೂಟರಿನಲ್ಲಿ ಒಂದೊಂದು ಫ್ರೇಮೂ ಪಟ್ಟಿಯಾಗಿ ಹರಿದು ಬರುತ್ತದೆ. ಉದ್ದನೆಯ ಪಟ್ಟಿ ಕಂಡಲ್ಲಿ ಕ್ಲಿಕ್ ಮಾಡಿದರೆ ಆ ಫ್ರೇಮನ್ನು ಯಾವ ಫಂಕ್ಷನ್ ನುಂಗಿತು ಎಂದು ಕಾಣುತ್ತದೆ. ಬಾಲ್ಡರ್ ಕಾರ್ಲ್‌ಸನ್ ಬರೆದ ರೆಂಡರ್‌ಡಾಕ್ ಕೂಡ ಓಪನ್ ಸೋರ್ಸ್. ಅದು ಒಂದು ಫ್ರೇಮನ್ನು ಹಿಡಿದು, ಚಿತ್ರ ಹೇಗೆ ಬಂತೆಂದು ಹಂತಹಂತವಾಗಿ ತೋರಿಸುತ್ತದೆ. ಇದು ತಪ್ಪು ಹುಡುಕಲು, ಸಮಯ ಅಳೆಯಲು ಅಲ್ಲ. ಎರಡನ್ನೂ ಒಂದೇ ಎಂದುಕೊಳ್ಳುವವರು ಜಾಸ್ತಿ, ಅದಕ್ಕೇ ಹೇಳಿದೆ.

ಅಳೆದು ನೋಡಿದರೆ ಏನಾಗುತ್ತದೆ ಅನ್ನೋದಕ್ಕೆ 2021ರ ಘಟನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 'ಜಿಟಿಎ ಆನ್‌ಲೈನ್' ಶುರುವಾಗಲು ಒಬ್ಬ ಆಟಗಾರನ ಕಂಪ್ಯೂಟರಿನಲ್ಲಿ ಆರು ನಿಮಿಷ ಹಿಡಿಯುತ್ತಿತ್ತು. ಅವನ ಬಳಿ ಸೋರ್ಸ್ ಕೋಡ್ ಇರಲಿಲ್ಲ. ಲ್ಯೂಕ್ ಸ್ಟಾಕ್‌ವಾಕರ್ ಎಂಬ ಓಪನ್ ಸೋರ್ಸ್ ಪ್ರೊಫೈಲರ್ ಓಡಿಸಿ ನೋಡಿದ. ಸಮಯವೆಲ್ಲ ಎರಡೇ ಜಾಗದಲ್ಲಿ ಸೋರುತ್ತಿತ್ತು. ಅಂಗಡಿಯ ಸುಮಾರು 63,000 ಸಾಮಾನುಗಳಿದ್ದ 10 ಎಂಬಿಯ ಪಠ್ಯ ಫೈಲನ್ನು ಗೇಮ್ ಓದುತ್ತಿತ್ತು. ಒಂದೊಂದು ತುಣುಕು ಓದುವಾಗಲೂ ಉಳಿದ ಪಠ್ಯದ ಉದ್ದವನ್ನು ಕೊನೆಯವರೆಗೂ ಎಣಿಸುತ್ತಿತ್ತು. ಓದಿದ ಪ್ರತಿ ಸಾಮಾನನ್ನೂ ಈಗಾಗಲೇ ಪಟ್ಟಿಗೆ ಸೇರಿದ್ದವುಗಳ ಜೊತೆ ಒಂದೊಂದಾಗಿ ಹೋಲಿಸುತ್ತಿತ್ತು. ಎರಡನ್ನೂ ಸರಿಮಾಡಿದ ಮೇಲೆ ಸಮಯ 1 ನಿಮಿಷ 50 ಸೆಕೆಂಡಿಗೆ ಇಳಿಯಿತು. ರಾಕ್‌ಸ್ಟಾರ್ ಒಪ್ಪಿಕೊಂಡು ಗೇಮನ್ನು ತಿದ್ದಿತು, ಅವನಿಗೆ 10,000 ಡಾಲರ್ ಬಹುಮಾನವನ್ನೂ ಕೊಟ್ಟಿತು.

ಉದ್ದ ಎಣಿಸುತ್ತಿದ್ದದ್ದು ಸಿ ಭಾಷೆಯ ಮಾಮೂಲಿ ಲೈಬ್ರರಿಯ 'ಎಸ್‌ಸ್ಕ್ಯಾನ್‌ಎಫ್' ಫಂಕ್ಷನ್. ದಿನವೂ ಬಳಸುವ ಫಂಕ್ಷನ್ ಒಳಗೆ ಏನು ಮಾಡುತ್ತದೆ ಎಂದು ನೋಡುವವರು ಕಡಿಮೆ. ಮುಚ್ಚಿದ ಲೈಬ್ರರಿ ಆದರೆ ಪ್ರೊಫೈಲರ್ ಫೈಲಿನ ಹೆಸರು ತೋರಿಸಿ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಸೋರ್ಸ್ ಕೈಯಲ್ಲಿದ್ದರೆ ಸಾಲಿನವರೆಗೂ ಹೋಗಬಹುದು.

2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಎಂಜಿನ್ ಮಾಡುವ ಕಂಪನಿ, ಅದರಲ್ಲಿ ಕಟ್ಟಿದ, ಒಂದು ಮಿತಿ ದಾಟಿದ ಗೇಮ್‌ಗಳಿಗೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಹಾಕುವುದಾಗಿ ಘೋಷಿಸಿತು. ಈಗಾಗಲೇ ಮಾರುಕಟ್ಟೆಯಲ್ಲಿದ್ದ ಗೇಮ್‌ಗಳನ್ನೂ ಅದು ಬಿಡಲಿಲ್ಲ. ಡೆವಲಪರ್‌ಗಳು ಸಿಟ್ಟಾದರು. ಮರುವರ್ಷ ಕಂಪನಿ ಆ ಶುಲ್ಕವನ್ನು ಪೂರ್ತಿ ಕೈಬಿಟ್ಟಿತು. ಅಷ್ಟರಲ್ಲಿ 'ಟೆರಾರಿಯಾ' ಮಾಡಿದ ರಿ-ಲಾಜಿಕ್, ಗೋಡೋ ಎಂಬ ಗೇಮ್ ಎಂಜಿನ್ ಮತ್ತು ಎಫ್‌ಎನ್‌ಎ ಎಂಬ ಎರಡು ಓಪನ್ ಸೋರ್ಸ್ ಯೋಜನೆಗಳಿಗೆ ತಲಾ ಒಂದು ಲಕ್ಷ ಡಾಲರ್ ಕೊಟ್ಟಿತ್ತು. ಟೆರಾರಿಯಾ ಹುಟ್ಟಿದ್ದು ಮೈಕ್ರೋಸಾಫ್ಟ್‌ನ ಎಕ್ಸ್‌ಎನ್‌ಎ ಎಂಬ ಗೇಮ್ ಕಟ್ಟುವ ಸಲಕರಣೆಯ ಮೇಲೆ. ಮೈಕ್ರೋಸಾಫ್ಟ್ ಕೈಬಿಟ್ಟ ಆ ಎಕ್ಸ್‌ಎನ್‌ಎಯನ್ನು ಎಫ್‌ಎನ್‌ಎ ಓಪನ್ ಸೋರ್ಸ್ ಆಗಿ ಮತ್ತೆ ಕಟ್ಟಿದೆ.

ಓಪನ್ ಸೋರ್ಸ್ ಆದಮಾತ್ರಕ್ಕೆ ಎಲ್ಲ ಸರಿ ಎಂದಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಲೈಬ್ರರಿಯ ದೋಷದಿಂದ 'ಮೈನ್‌ಕ್ರಾಫ್ಟ್' ಸರ್ವರ್‌ಗಳ ಮೇಲೆ ಚಾಟ್‌ನಲ್ಲಿ ಒಂದು ಸಾಲು ಕಳಿಸಿಯೇ ದಾಳಿ ಮಾಡಬಹುದಾಗಿತ್ತು. ಹಾಗಾಗಿ ತರುವ ಲೈಬ್ರರಿ ಚಿಕ್ಕದಿರಲಿ. ಯಾರು ನೋಡಿಕೊಳ್ಳುತ್ತಿದ್ದಾರೆ, ಕೊನೆಯ ಬದಲಾವಣೆ ಯಾವಾಗ ಆಯಿತು ಎಂದು ನೋಡಿ. ನಿಮ್ಮ ಗೇಮಿಗೂ ಅದಕ್ಕೂ ನಡುವೆ ನಿಮ್ಮದೇ ಕೋಡಿನ ಒಂದು ತೆಳು ಪದರ ಇಡಿ; ಲೈಬ್ರರಿ ಬದಲಿಸಬೇಕಾದರೆ ಆ ಪದರವನ್ನಷ್ಟೇ ತಿದ್ದಿದರಾಯಿತು.

ಈ ಪದರದ ಲಾಭ ಗೋಡೋದಲ್ಲೇ ಕಾಣುತ್ತದೆ. 'ಹೊರೈಜನ್ ಫರ್ಬಿಡನ್ ವೆಸ್ಟ್'ನಲ್ಲಿ ಬಳಸಿದ ಜೋಲ್ಟ್ ಫಿಸಿಕ್ಸ್ ಲೈಬ್ರರಿ ಎಂಐಟಿ ಎಂಬ ಧಾರಾಳ ಲೈಸೆನ್ಸಿನಲ್ಲಿದೆ. 2025ರಲ್ಲಿ ಬಂದ ಗೋಡೋ 4.4 ಅದನ್ನು ಒಳಗೆ ಸೇರಿಸಿಕೊಂಡಿತು. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ 3ಡಿ ಗೇಮ್ ಹಳೆಯ ಫಿಸಿಕ್ಸ್ ಬಿಟ್ಟು ಜೋಲ್ಟ್ ಮೇಲೆ ಓಡುತ್ತದೆ. ಒಂದೇ ದೃಶ್ಯವನ್ನು ಎರಡರಲ್ಲೂ ಓಡಿಸಿ, ನಿಮ್ಮ ಆಟಗಾರರ ಕೈಯಲ್ಲಿರುವಂಥ ಕಡಿಮೆ ಬೆಲೆಯ ಫೋನಿನಲ್ಲೇ, ಒಂದು ಫ್ರೇಮಿಗೆ ಯಾವುದು ಎಷ್ಟು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದು ಪ್ರೊಫೈಲರ್‌ನಲ್ಲಿ ನೋಡಿ ಆರಿಸಿಕೊಳ್ಳಬಹುದು.