ಕ್ಯಾಮೆರಾ ಮುಂದ ಕುಂತವರು ಈಗ ತಿರುಗಿ ಮಾತಾಡಾಕ ಹತ್ತ್ಯಾರ

2022, 2023, 2024. ಮೂರು ವರ್ಷ ಬೆನ್ನಬೆನ್ನಿಗೆ ನಮ್ಮ ದೇಶದ ಮಂದಿ ಕಥಿ ಇರೋ ಡಾಕ್ಯುಮೆಂಟರಿಗಳು ಆಸ್ಕರ್ ತನಕ ಹೋದ್ವು, ಒಂದು ಗೆದ್ದೂ ಬಂತು, ಪೇಪರ್‌ನ್ಯಾಗ ದೊಡ್ಡ ಫೋಟೋ ಬಂದು ಎಲ್ಲಾರೂ ಸ್ಟೇಟಸ್ ಇಟ್ಕೊಂಡ್ರು. ಆದ್ರ ಮೂರೂ ಸಲ ಅದರ ಬೆನ್ನಿಗೇ ಒಂದೊಂದು ತಕರಾರೂ ಬಂತಲ್ಲ, ಅದನ್ನ ಸ್ಟೇಟಸ್ ಇಟ್ಟವರು ಯಾರೂ ಕಾಣಲಿಲ್ಲ.

ಮೊದಲನೇದು ರೈಟಿಂಗ್ ವಿತ್ ಫೈರ್. ಉತ್ತರ ಪ್ರದೇಶದ ಬುಂದೇಲಖಂಡ ಕಡೆ 2002ರಾಗ ಶುರುವಾದ ಖಬರ್ ಲಹರಿಯಾ ಅನ್ನೋ ಪತ್ರಿಕೆ, ಹಳ್ಳಿ ಹೆಣ್ಮಕ್ಕಳು, ಅದರಾಗೂ ದಲಿತ ಹೆಣ್ಮಕ್ಕಳು ಮುಂದ ನಿಂತು ನಡಸೋದು, ಅವರು ಪೇಪರ್ ಬಿಟ್ಟು ಮೊಬೈಲ್ ಹಿಡಕೊಂಡು ವರದಿಗೆ ಇಳಿದ ಕಥಿ. ಭಾರತದ ಪೂರ್ತಿ ಉದ್ದದ ಡಾಕ್ಯುಮೆಂಟರಿಯೊಂದು ಆಸ್ಕರ್ ನಾಮಿನೇಶನ್ ತಗೊಂಡಿದ್ದು ಅದೇ ಮೊದಲು. ಸಮಾರಂಭ ಇನ್ನೇನು ಬಂತು ಅನ್ನೂವಾಗ ಆ ಹೆಣ್ಮಕ್ಕಳೇ ಒಂದು ಹೇಳಿಕೆ ಕೊಟ್ರು: ಸಿನಿಮಾ ಮನಸ್ಸಿಗೆ ನಾಟೋ ಹಂಗ ಐತಿ ಖರೆ, ಆದ್ರ ನಾವು ಒಂದೇ ಪಕ್ಷದ ಬೆನ್ನು ಹತ್ತಿದವರು ಅನ್ನೋ ಹಂಗ ತೋರಿಸ್ಯಾರ, ನಮ್ಮ ಕೆಲಸ ಅಷ್ಟೇ ಅಲ್ಲ ಅಂತ. ಮರುವರ್ಷ ದಿ ಎಲಿಫೆಂಟ್ ವಿಸ್ಪರರ್ಸ್ ಗೆದ್ದಿತು, ಮುದುಮಲೈ ಕಾಡಿನ ದಂಪತಿ ತಬ್ಬಲಿ ಆನೆಮರಿ ಸಾಕೋ ಕಥಿ, ನೋಡಿದವರೆಲ್ಲಾ ಕಣ್ಣೀರು ಹಾಕಿದ್ರು. ಅದೇ ವರ್ಷ ಆಗಸ್ಟ್ ತಿಂಗಳಾಗ ಆ ದಂಪತಿ ನಮಗ ಕೊಡ್ತೀವಿ ಅಂದಿದ್ದು ಬಂದಿಲ್ಲ ಅಂದ್ರು, ಸಿನಿಮಾ ಮಾಡಿದವರು ಹಂಗಿಲ್ಲ, ಅದು ಸುಳ್ಳು ಅಂದ್ರು. 2024ರಾಗ ನಾಮಿನೇಟ್ ಆಗಿದ್ದು ಟು ಕಿಲ್ ಎ ಟೈಗರ್, ಜಾರ್ಖಂಡದ ಒಬ್ಬ ರೈತ ಅತ್ಯಾಚಾರಕ್ಕ ಒಳಗಾದ ತನ್ನ ಮಗಳ ಸಲುವಾಗಿ ಊರನ್ನೇ ಎದುರು ಹಾಕ್ಕೊಂಡು ಕೋರ್ಟಿಗೆ ಅಲೆಯೋದು. ಇದರಾಗ ತಕರಾರು ಮನಿಯವರದಲ್ಲ, ಮಕ್ಕಳ ಹಕ್ಕಿನ ಕೆಲಸ ಮಾಡೋ ಸಂಸ್ಥೆದು. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಯೋ ಪೋಕ್ಸೊ ಕಾಯ್ದೆ 23ನೇ ಸೆಕ್ಷನ್ ಪ್ರಕಾರ ಹುಡುಗಿ ಗುರುತು ಕಾಣಸಬಾರದು, ಇವರು ಮುಖ ತೋರಿಸ್ಯಾರ ಅಂತ ದಿಲ್ಲಿ ಹೈಕೋರ್ಟಿಗೆ ಹೋದ್ರು. ಆಕಿಗೆ 18 ತುಂಬಿದ ಮ್ಯಾಲ ಸಿನಿಮಾ ತೋರಿಸಿ ಆಕಿನ್ನೇ ಕೇಳೇವಿ ಅನ್ನೋದು ಚಿತ್ರತಂಡದ ಮಾತು.

ಇದನ್ನೆಲ್ಲಾ ಬರೇ ರೊಕ್ಕದ ಜಗಳ, ಹೆಸರಿನ ಜಗಳ ಅಂತ ತಳ್ಳಿಹಾಕೋ ಮಂದಿ ಭಾಳ ಅದಾರ. ನನಗ ಹಂಗ ಅನಸೂದಿಲ್ಲ. ನೂರಾಇಪ್ಪತ್ತು ವರ್ಷ ಸುಮ್ಮನ ಕುಂತು ಶೂಟಿಂಗ್ ಮಾಡಿಸ್ಕೊಂಡ ಮಂದಿ ಈಗ ಬಾಯಿ ಬಿಟ್ಟಾರ, ಅಷ್ಟೇ. ಅದಕ್ಕ ಈ ಕಥಿ ಹಿಂದಿಂದ ಹೇಳಬೇಕು.

ಶುರು ಆಗಿದ್ದು ನಮ್ಮ ಕಡೆ ಮಂದಿಗೆ ಖುಷಿ ಆಗೋ ವಿಷಯದಿಂದನೇ, ಕುಸ್ತಿಯಿಂದ! 1899ರಾಗ ಮುಂಬೈದ ಹ್ಯಾಂಗಿಂಗ್ ಗಾರ್ಡನ್ಸ್‌ನ್ಯಾಗ ನಡೆದ ಒಂದು ಕುಸ್ತಿನ ಹರಿಶ್ಚಂದ್ರ ಸಖಾರಾಮ ಭಾಟವಡೇಕರ ಅನ್ನೋ ಫೋಟೋಗ್ರಾಫರ್, ಮಂದಿ ಸಾವೇ ದಾದಾ ಅಂತಿದ್ರು, ಲಂಡನ್ನಿಂದ ತರಿಸಿದ ಕ್ಯಾಮೆರಾದಾಗ ಹಿಡಿದ. ಈ ದೇಶದ ಮೊದಲ ಡಾಕ್ಯುಮೆಂಟರಿ ಅಂತ ಲೆಕ್ಕಕ್ಕ ಹಿಡಿಯೋದು ಅದನ್ನೇ. ನಮ್ಮ ಮೊದಲ ಪೂರ್ತಿ ಉದ್ದದ ಕಥಾ ಸಿನಿಮಾ ಅನ್ನೋ ರಾಜಾ ಹರಿಶ್ಚಂದ್ರ ಬಂದಿದ್ದು 1913ರಾಗ, ಅಂದ್ರ ನಮ್ಮ ಸಿನಿಮಾಕ್ಕ ದೇವರ ಕಥಿಕ್ಕಿಂತ ಮೊದಲು ಪೈಲ್ವಾನರು ಸಿಕ್ಕಾರ. ಮುಧೋಳ ಜಮಖಂಡಿ ಕಡೆ ಕುಸ್ತಿ ಕಣದಾಗ ಇದನ್ನ ಹೇಳಿದ್ರ ಒಂದು ಸೀಟಿ ಬೀಳೋದು ಗ್ಯಾರಂಟಿ.

ಸ್ವಾತಂತ್ರ್ಯ ಬಂದ ಮ್ಯಾಲ 1948ರಾಗ ಡಾಕ್ಯುಮೆಂಟರಿ, ನ್ಯೂಸ್ ರೀಲು ಮಾಡೋ ಕೇಂದ್ರ ಸರಕಾರದ ಸಂಸ್ಥೆ ಫಿಲ್ಮ್ಸ್ ಡಿವಿಷನ್ ಹುಟ್ಟಿತು. ಮುಂದ ನಾಕು ದಶಕ ಡಾಕ್ಯುಮೆಂಟರಿ ಅಂದ್ರ ಅದೇ. ಟಾಕೀಸಿನವರಿಗೆ ಲೈಸೆನ್ಸ್ ಬೇಕಂದ್ರ ಪಿಕ್ಚರ್‌ಗಿಂತ ಮೊದಲು ಸರಕಾರ ಒಪ್ಪಿದ ರೀಲು ತೋರಸ್ಲೇಬೇಕು, ತೋರಿಸಿದ್ದಕ್ಕ ಕಲೆಕ್ಷನ್‌ನ್ಯಾಗ ನೂರಕ್ಕ ಒಂದು ಪಾಲು ಬಾಡಿಗಿನೂ ಅವರೇ ಕಟ್ಟಬೇಕು. ಟೂರಿಂಗ್ ಟಾಕೀಸಿನ್ಯಾಗ ಮಣ್ಣ ಮ್ಯಾಲ ಕುಂತು ನೋಡಿದ ಹಿರೇರನ್ನ ಕೇಳ್ರಿ, ಕಪ್ಪು ಬಿಳುಪಿನ ಆ ನ್ಯೂಸ್ ರೀಲು, ಗಡಸು ದನಿಯಾಗ ಬರೋ ಆ ವಿವರಣಿ, ಒಬ್ಬ ಮಂತ್ರಿ ರಿಬ್ಬನ್ ಕತ್ತರಿಸೋದು, ಎಲ್ಲಾ ನೆನಪೈತಿ ಅಂತಾರ, ಯಾಕಂದ್ರ ಅದು ಮುಗಿಯೋತನಕ ಹೊರಗ ಬೀಡಿ ಸೇದೋದು ಒಂದು ರೂಢಿ ಆಗಿತ್ತು. ಪ್ರವಾಹ ಇರಲಿ ಬರ ಇರಲಿ, ತೆರಿ ಮ್ಯಾಲ ಮಂದಿ ಇರ್ತಿದ್ರು, ಆದ್ರ ಅವರ ದನಿ ಇರತಿದ್ದಿಲ್ಲ. ಮ್ಯಾಲಿಂದ ಒಬ್ಬಾವ ಅವರ ಬಗ್ಗೆ ಹೇಳಾವ. ಡಿವಿಷನ್ ಒಳಗೂ ಜಗ್ಗಿ ಛಲೋ ಕೆಲಸ ಮಾಡಿದವರಿದ್ರು, ಇಲ್ಲ ಅನ್ನೂದಿಲ್ಲ, ಅದು ಬ್ಯಾರೆ ಮಾತು.

ಅಣೆಕಟ್ಟಿನ ಕಥಿ ತಗೋರಿ. ಆಗಿನ ರೀಲಿನ್ಯಾಗ ಡ್ಯಾಮ್ ಅಂದ್ರ ಎಂಜಿನಿಯರ್ ನಿಂತ ದಂಡಿಯಿಂದ ಕಾಣೋದು, ಗೇಟು, ಕ್ರೇನು, ಧುಮ್ಮಿಕ್ಕೋ ನೀರು. ನೀರು ಹಿಂದಕ್ಕ ಸರಿದು ಯಾರ ಮನಿ ಹೊಸ್ತಿಲಕ್ಕ ಬಂತು ಅನ್ನೋ ಕಡಿಂದ ಯಾರೂ ಕ್ಯಾಮೆರಾ ಇಡಲಿಲ್ಲ. ಆಲಮಟ್ಟಿಗೆ 1964ರ ಮೇ ತಿಂಗಳಾಗ ಅಡಿಗಲ್ಲು ಹಾಕಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ, ಆವಾಗ ಇನ್ನೂ ಪ್ರಧಾನಿ ಆಗಿದ್ದಿಲ್ಲ. ಅಲ್ಲಿಂದ ನೀರು ನಿಲ್ಲೋತನಕ ಮೂರು ದಶಕದ ಮ್ಯಾಲ ಹೋತು. ನಡುವ ಬಾಗಲಕೋಟಿ ಹಳೇ ಊರಿನ ತಗ್ಗಿನ ಭಾಗ ಖಾಲಿ ಆತು, ಹಳ್ಳಿ ಹಳ್ಳಿ ಪುನರ್ವಸತಿ ಕೇಂದ್ರಕ್ಕ ಹೋದ್ವು, ಚಾರ್ಲ್ಸ್ ಕೊರಿಯಾ ಅನ್ನೋ ದೊಡ್ಡ ವಾಸ್ತುಶಿಲ್ಪಿ ಕೂತು ನಕ್ಷಿ ಹಾಕಿದ ನವನಗರ ಎದ್ದಿತು, ಓಣಿ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ಮೂವತ್ತು ವರ್ಷ ಕ್ಯಾಮೆರಾ ಇಟ್ಟಿದ್ರ ಎಂಥಾ ಸಿನಿಮಾ ಆಗ್ತಿತ್ತು ಹೇಳ್ರಿ! ನರ್ಮದಾ ಮುಳುಗಡೆ ಬಗ್ಗೆ ಸಿನಿಮಾ ಬಂದ್ವು, ದೇಶಕ್ಕೆಲ್ಲಾ ಗೊತ್ತಾತು, ಕೃಷ್ಣಾ ಮುಳುಗಡೆ ಸುದ್ದಿ ಜಿಲ್ಲಾ ಪೇಜ್ ದಾಟಲಿಲ್ಲ.

ಸರಕಾರದ ದನಿ ಬಿಟ್ಟು ಮಂದಿ ದನಿ ಕೇಳಸ್ತೀನಿ ಅಂತ ಹೊಂಟವರು 70ರ ದಶಕದಿಂದ ಬಂದ್ರು, ಅವರೊಳಗ ಎದ್ದು ಕಾಣೋ ಹೆಸರು ಆನಂದ್ ಪಟವರ್ಧನ್. 1985ರ ಬಾಂಬೆ ಅವರ್ ಸಿಟಿ ಮುಂಬೈದ ಗುಡಿಸಲು ಕೆಡವೋದರ ಬಗ್ಗೆ. ಅದರಾಗ ಮನಿ ಕಳಕೊಂಡ ಒಬ್ಬಾಕಿ ಕ್ಯಾಮೆರಾ ಹಿಡಿದವನಿಗೇ ಉಗೀತಾಳ, ಬಡವರ ಫೋಟೋ ತಗೊಂಡು ನೀವು ಹೆಸರು ಮಾಡ್ಕೋತೀರಿ, ನಮಗೇನು ಬಂತು ಅನ್ನೋ ಅರ್ಥದಾಗ. ಅದನ್ನ ಕತ್ತರಿಸಿ ಒಗಿಬಹುದಿತ್ತು, ಆತ ಹಂಗ ಇಟ್ಟ. ಈ ಒಂದು ತುಣುಕಿನ ಸಲುವಾಗೇ ಆ ಸಿನಿಮಾ ನೋಡಬೇಕು ಅಂತೀನಿ ನಾನು. ದೂರದರ್ಶನ ಇಂಥಾ ಸಿನಿಮಾ ಹಾಕಂಗಿಲ್ಲ ಅಂದಾಗೆಲ್ಲಾ ಪಟವರ್ಧನ್ ಕೋರ್ಟಿಗೆ ಹೋದ್ರು, ಒಂದಲ್ಲ ಎರಡಲ್ಲ, ಗೆದ್ದು ಹಾಕಿಸಿದ್ರು, 2006ರಾಗ ಸುಪ್ರೀಂ ಕೋರ್ಟ್ ತನಕ ಹೋಗಿ ಗೆದ್ದರು.

ಅಷ್ಟೊತ್ತಿಗೆ ಕ್ಯಾಮೆರಾ ಸಣ್ಣದಾಗಿತ್ತು. 16 ಎಂಎಂ ಫಿಲ್ಮ್ ಆದ್ರ ಪ್ರತಿ ನಿಮಿಷಕ್ಕ ರೊಕ್ಕ ಎಣಿಸಬೇಕು, ಲ್ಯಾಬಿಗೆ ಕಳಸಬೇಕು. 90ರ ದಶಕದ ಕೊನಿಗೆ ಮಿನಿ ಡಿವಿ ಕ್ಯಾಸೆಟ್ ಬಂದು ಒಬ್ಬರೋ ಇಬ್ಬರೋ ಬ್ಯಾಗಿನ್ಯಾಗ ಹಾಕ್ಕೊಂಡು ತಿರುಗೋ ಹಂಗ ಆತು. ಮಂದಿ ಹೆಚ್ಚಾದ್ರು, ತೊಂದ್ರಿನೂ ಹೆಚ್ಚಾತು. ಮುಂಬೈದ ಸರಕಾರಿ ಡಾಕ್ಯುಮೆಂಟರಿ ಫೆಸ್ಟಿವಲ್ಲಿಗೆ ಭಾರತದ ಸಿನಿಮಾ ಅಷ್ಟೇ ಸೆನ್ಸಾರ್ ಸರ್ಟಿಫಿಕೇಟ್ ತರಬೇಕು, ಹೊರದೇಶದವಕ್ಕ ಬ್ಯಾಡ ಅಂತ ನಿಯಮ ಮಾಡಹೊಂಟ್ರು, ಗದ್ಲ ಎದ್ದ ಮ್ಯಾಲ ಹಿಂದಕ್ಕ ತಗೊಂಡ್ರು, ಆದ್ರ ಆಯ್ಕಿಯಾಗ ಜಗ್ಗಿ ಸಿನಿಮಾ ಹೊರಗ ಉಳದ್ವು. ಹಂಗ ಹೊರಗ ಉಳಿದವರೆಲ್ಲಾ ಸೇರಿ 2004ರಾಗ ಮುಂಬೈದಾಗೇ ಬ್ಯಾರೆ ಉತ್ಸವ ಮಾಡಿದ್ರು, ವಿಕಲ್ಪ್ ಅಂತ. ಕಾಲೇಜು, ಯೂನಿಯನ್ ಆಫೀಸು, ಮನಿ ಮಾಳಗಿ ಮ್ಯಾಲ ಪ್ರೊಜೆಕ್ಟರ್ ಹಚ್ಚಿ ತೋರಿಸೋ ರೂಢಿಗೆ ಅದರಿಂದ ಜೋರು ಬಂತು.

ಈಗ ನಮ್ಮ ಕಡೆ ಬರೋಣು. ಬೆಳಗಾವಿ, ಬಾಗಲಕೋಟಿ, ವಿಜಯಪುರಕ್ಕ ಹೊರಗಿನ ಕ್ಯಾಮೆರಾ ಬಂದೇ ಇಲ್ಲ ಅಂತಲ್ಲ. ಬಂದಾವ, ಆದ್ರ ಹುಡುಕಿದ್ದು ಒಂದನ್ನೇ: ಸವದತ್ತಿ ಗುಡ್ಡ, ಭಂಡಾರ, ಮುತ್ತು ಕಟ್ಟೋದು, ಅಂದ್ರ ಹೆಣ್ಮಕ್ಕಳನ್ನ ದೇವರ ಹೆಸರಿಲೆ ದೇವದಾಸಿ ಮಾಡೋದು. ಮುತ್ತು ಕಟ್ಟೋದನ್ನ 1982ರಾಗೇ ಕರ್ನಾಟಕ ಕಾಯ್ದೆ ಮಾಡಿ ನಿಷೇಧ ಮಾಡೇತಿ. ಅದಾದ ಮ್ಯಾಲೂ ಆ ತಾಯಂದ್ರ ಬಾಳೇವು ಹೆಂಗ ನಡದೈತಿ, ಮಕ್ಕಳ ಶಾಲಿ ದಾಖಲಾತಿಯಾಗ ತಂದಿ ಹೆಸರಿನ ಜಾಗಕ್ಕ ಏನು ಬರೀತಾರ, ಪಿಂಚಣಿ ಸಲುವಾಗಿ ಎಷ್ಟು ಸಲ ತಾಲ್ಲೂಕು ಆಫೀಸಿಗೆ ಅಡ್ಡಾಡ್ತಾರ, ಇದು ಯಾವ ವಿದೇಶಿ ಚಾನೆಲ್ಲಿಗೂ ರುಚಿ ಅಲ್ಲ. ಅವರಿಗೆ ಬೇಕಾಗಿದ್ದು ಜಾತ್ರಿ ಬಣ್ಣ, ಆಮ್ಯಾಲ ಕೆಂಪು ದೀಪದ ಓಣಿ.

2010ರಾಗ ವೈಸ್ ಅನ್ನೋ ವಿದೇಶಿ ಮಾಧ್ಯಮದವರು ಇಂಥದೊಂದು ಮಾಡಿ ಇಂಟರ್ನೆಟ್ಟಿಗೆ ಹಾಕಿದ್ರು, ಶೂಟಿಂಗ್ ಮಾಡಿದ್ದು ನಮ್ಮ ಉತ್ತರ ಕರ್ನಾಟಕದಾಗ ಮತ್ತ ಗಡಿ ದಾಟಿದ್ರ ಸಿಗೋ ಸಾಂಗ್ಲಿಯಾಗ. ಅದನ್ನ ನೋಡಿದ ಸಾಂಗ್ಲಿ ಹೆಣ್ಮಕ್ಕಳು ಸುಮ್ಮನ ಕೂಡಲಿಲ್ಲ. ವ್ಯಾಂಪ್ ಅಂತ ಅವರದೊಂದು ಸಂಘಟನೆ ಐತಿ, ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು, ಅವರೇ ಕ್ಯಾಮೆರಾ ಮುಂದ ಸಾಲಾಗಿ ಕುಂತು ಉತ್ತರದ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ್ರು. ನಮ್ಮ ಮಾತು ತಿರುಚೀರಿ, ನಮ್ಮ ದೇವರನ್ನ ನಗಿಚಾಟ್ಲಿ ಮಾಡೀರಿ, ಇದನ್ನ ಹಿಂಗ ತೋರಸ್ತೀವಿ ಅಂತ ನಮಗ ಹೇಳಿದ್ದಿಲ್ಲ ಅನ್ನೋದು ಅದರ ತಿರುಳು. ಆ ಸಂಘಟನೆಯ ಹೆಣ್ಮಕ್ಕಳೊಳಗ ನಮ್ಮ ಜಿಲ್ಲಾಗಳಿಂದ ಹೋದವರೂ ಅದಾರ. ಆಸ್ಕರ್ ತಕರಾರಿನ ಕಾಲಕ್ಕ ಇದಕ್ಕ ಹನ್ನೆರಡು ವರ್ಷ ಆಗಿತ್ತು. ಯಾವ ಫಿಲ್ಮ್ ಸ್ಕೂಲಿನ್ಯಾಗ ಈ ವಿಡಿಯೋ ಪಾಠ ಮಾಡ್ತಾರೋ ಗೊತ್ತಿಲ್ಲ, ಮಾಡಬೇಕು.

ಹೊಸ ಸಿನಿಮಾಗಳು ಹಳೇವಕ್ಕಿಂತ ಬ್ಯಾರೆ ಆಗಿದ್ದು ಎಲ್ಲೆ ಅಂದ್ರ, ಇವು ಓಡಿ ಬಂದು ಓಡಿ ಹೋಗೂದಿಲ್ಲ. ಆಲ್ ದ್ಯಾಟ್ ಬ್ರೀದ್ಸ್ ನೋಡ್ರಿ, 2022ರಾಗ ಸನ್‌ಡ್ಯಾನ್ಸ್ ಮತ್ತ ಕಾನ್ ಅನ್ನೋ ವಿದೇಶಿ ಚಿತ್ರೋತ್ಸವ ಎರಡೂ ಕಡೆ ಡಾಕ್ಯುಮೆಂಟರಿ ದೊಡ್ಡ ಪ್ರಶಸ್ತಿ ತಗೊಂತು. ದಿಲ್ಲಿಯಾಗ ಅಣ್ಣತಮ್ಮ ಇಬ್ಬರು ತಮ್ಮ ಮನಿ ತಳಮನಿಯಾಗ, ಸೋಪಿನ ಡಬ್ಬಿ ತಯಾರು ಮಾಡೋ ಮಷೀನಿನ ನಡುವ, ಗಾಳಿಪಟದ ಮಾಂಜಾಕ್ಕ ರೆಕ್ಕಿ ಕತ್ತರಿಸ್ಕೊಂಡು ಬಿದ್ದ ಹದ್ದುಗಳಿಗೆ ಮದ್ದು ಮಾಡ್ತಾರ. ನಿರ್ದೇಶಕ ಶೌನಕ್ ಸೇನ್ ವರ್ಷಗಟ್ಟಲೆ ಅವರ ಜೋಡಿ ಇದ್ದು ತಗದದ್ದು. ಊರಿನ ಹೊಗಿ, ಗಲಭೆ, ಸಂಸಾರದ ಕಿರಿಕಿರಿ ಎಲ್ಲಾ ಅದರಾಗೇ ಬರತೈತಿ, ಯಾರೂ ಮ್ಯಾಲಿಂದ ಭಾಷಣ ಮಾಡೂದಿಲ್ಲ. ಒಬ್ಬರ ಹೋರಾಟ ಬ್ಯಾರೆ, ನ್ಯಾಯ ಬ್ಯಾರೆ, ನಿಸರ್ಗ ಬ್ಯಾರೆ ಅಂತ ಖಾನೆ ಮಾಡೋ ಕಾಲ ಹೋತು ಅನ್ನಸ್ತೈತಿ ಅದನ್ನ ನೋಡಿದ್ರ. ಆದ್ರ ಹೆಚ್ಚು ದಿನ ಇದ್ದಷ್ಟು ಋಣನೂ ಹೆಚ್ಚು. ಎರಡು ದಿನಕ್ಕ ಬಂದು ಹೋದ ಟಿವಿಯವರನ್ನ ಯಾರೂ ನೆನಸಂಗಿಲ್ಲ, ಮೂರು ವರ್ಷ ಮನಿಯಾಗ ಉಂಡು ಹೋದವರನ್ನ ಕೇಳೇ ಕೇಳ್ತಾರ.

ಕನ್ನಡದಾಗ ಮಂದಿ ಟಿಕೆಟ್ ತಗೊಂಡು ಟಾಕೀಸಿಗೆ ಹೋಗಿ ಈ ಥರದ್ದು ನೋಡಿದ್ದು ಗಂಧದ ಗುಡಿ, 2022ರ ಅಕ್ಟೋಬರ್ 28ಕ್ಕ ಬಂತು, ಅಪ್ಪು ತೀರಿಕೊಂಡು ಒಂದು ವರ್ಷ ಆಗಾಕ ಒಂದು ದಿನ ಇರೂವಾಗ. ಅದನ್ನ ಮಂದಿ ನೋಡಿದ್ದು ಅಪ್ಪು ಸಲುವಾಗಿ, ಅದರಾಗ ತಪ್ಪೇನಿಲ್ಲ. ಅದಕ್ಕಿಂತ ಮೊದಲು 2020ರ ಜನವರಿಯಾಗ ವೈಲ್ಡ್ ಕರ್ನಾಟಕ ಬಂದಿತ್ತು, ಡೇವಿಡ್ ಆಟನ್‌ಬರೋ ದನಿಯಾಗ. ಚಂದ ಅದಾವ ಎರಡೂ. ಆದ್ರೂ ನನ್ನದೊಂದು ಗೊಣಗಾಟ ಐತಿ: ಕರ್ನಾಟಕದ ನಿಸರ್ಗ ಅಂದಕೂಡ್ಲೆ ಎಲ್ಲಾರ ಕಣ್ಣಿಗೂ ಹುಲಿ, ಆನಿ, ಕಬಿನಿ ಬರ್ತಾವ. ಬೀಳಗಿ ಕಡೆ ಯಡಹಳ್ಳಿಯಾಗ ಚಿಂಕಾರಾ ಅನ್ನೋ ಸಣ್ಣ ಜಿಂಕಿ ಅದಾವ, ಒಣ ಕುರುಚಲು ಗುಡ್ಡದಾಗ. ಖಾನಾಪುರದ ಭೀಮಗಡದಾಗ ಬಾರಾಪೇಡೆ ಗವಿ ಬಾವಲಿ ಅದಾವ, ಜಗತ್ತಿನ್ಯಾಗ ಭಾಳ ಕಡೆ ಸಿಗದಂಥವು. ಅದೇ ಭೀಮಗಡದೊಳಗ ತಳೇವಾಡಿಯಂಥಾ ಊರೂ ಅದಾವ, ಮಳಿಗಾಲದಾಗ ಹಾದಿ ಇಲ್ಲ, ಆಸ್ಪತ್ರಿ ದೂರ, ಮನಿಗೊಂದಕ್ಕ 15 ಲಕ್ಷ ಪರಿಹಾರ ತಗೊಂಡು ಹೊರಗ ಬರೋದು ನಡದೈತಿ. ಅಲ್ಲೇ ಕಣಕುಂಬಿ ಹತ್ರ ಹಳ್ಳದ ನೀರು ಮಲಪ್ರಭಾಕ್ಕ ತಿರುಗಿಸೋ ಕಳಸಾ ಬಂಡೂರಿ ಯೋಜನೆಯ ಜಗಳ. ಕಾಡು ಉಳಿಬೇಕು ಅನ್ನೋರು, ಕಾಡು ಬಿಡೋರು, ನೀರು ಬೇಕನ್ನೋ ಕೆಳಗಿನ ರೈತರು, ಒಂದೇ ಗುಡ್ಡದ ಸುತ್ತ ಮೂರು ಸಿನಿಮಾ ಕುಂತಾವ, ಮೂರೂ ಒಂದಕ್ಕೊಂದು ಜಗಳ ಆಡ್ತಾವ.

ಈಗ ಕ್ಯಾಮೆರಾ ಇಲ್ಲ ಅನ್ನಂಗೂ ಇಲ್ಲ. 2019ರ ಆಗಸ್ಟ್‌ನ್ಯಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಏರಿ ಬಂದಾಗ ಮಂದಿ ತಾವೇ ಶೂಟ್ ಮಾಡಿದ್ರು, ಮಾಳಗಿ ಮ್ಯಾಲ ನಿಂತು, ಟ್ರ್ಯಾಕ್ಟರ್ ಮ್ಯಾಲ ಕುಂತು, ಎಮ್ಮಿ ಹಗ್ಗ ಒಂದು ಕೈಯಾಗ ಮೊಬೈಲ್ ಇನ್ನೊಂದು ಕೈಯಾಗ. ಸಾವಿರಾರು ಕ್ಲಿಪ್ಪು ವಾಟ್ಸಾಪ್‌ನ್ಯಾಗ ಹರದಾಡಿದ್ವು, ಮೆಮೊರಿ ಫುಲ್ ಆದ ಮ್ಯಾಲ ಡಿಲೀಟ್ ಆದ್ವು. ಒಂದು ಕಡೆ ಕೂಡಿಸಿ ಇಟ್ಟವರಿಲ್ಲ. ಸರಕಾರಿ ನ್ಯೂಸ್ ರೀಲಿಗಾದ್ರೂ ಒಂದು ಗೋಡೌನ್ ಇತ್ತು.

ಆಲಮಟ್ಟಿ ಎತ್ತರ ಈಗ 519.6 ಮೀಟರ್, ಅದನ್ನ 524.256ಕ್ಕ ಏರಿಸಬಹುದು ಅಂತ ಕೃಷ್ಣಾ ನೀರು ಹಂಚೋ ಎರಡನೇ ನ್ಯಾಯಮಂಡಳಿ 2010ರಾಗ ಹೇಳೇತಿ, 2025ರ ಸೆಪ್ಟೆಂಬರ್‌ನ್ಯಾಗ ರಾಜ್ಯ ಸರಕಾರ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕ 30 ಲಕ್ಷ ಅಂತ ಪರಿಹಾರ ಠರಾಯಿಸೇತಿ. ಅಂದ್ರ ಇನ್ನೊಂದು ಸುತ್ತಿನ ಮುಳುಗಡೆ ಹೊಸ್ತಿಲದಾಗ ಐತಿ. ಈ ಸಲ ಯಾರಾದ್ರೂ ಕ್ಯಾಮೆರಾ ಹಿಡಕೊಂಡು ಹೋಗೇ ಹೋಗ್ತಾರ, ನಮ್ಮ ಕಾಲೇಜು ಹುಡುಗರೇ ಹೋಗಬಹುದು. ಹೋಗೋ ಮುಂದ ಒಂದಿಷ್ಟು ಕೆಲಸ ಅದಾವ. ಸಹಿ ಮಾಡಿಸ್ಕೊಳ್ಳೋ ಒಪ್ಪಿಗೆ ಪತ್ರ ಇಂಗ್ಲಿಷಿನ್ಯಾಗ ಇರತೈತಿ, ಅದನ್ನ ಕನ್ನಡದಾಗ ಮಾಡಿ ಓದಿ ಹೇಳ್ರಿ. ಬ್ಯಾಡ ಅಂತ ನಡುವ ಅವರು ಅಂದ್ರ ಏನು ಮಾಡ್ತೀರಿ ಅನ್ನೋದನ್ನ ಮೊದಲೇ ಹೇಳ್ರಿ. ರೊಕ್ಕದ ಮಾತು, ಸಿಕ್ಕರ ಏನು ಸಿಗದಿದ್ರ ಏನು, ನಾಚಿಗಿ ಬಿಟ್ಟು ಮಾತಾಡ್ರಿ. ಎಡಿಟ್ ಪೂರ್ತಿ ಆಗೋದಕ್ಕಿಂತ ಮೊದಲ ಒಂದ್ಸಲ ಅದೇ ಊರಾಗ, ಗುಡಿ ಕಟ್ಟಿ ಮ್ಯಾಲೋ ಶಾಲಿ ಹಾಲ್‌ನ್ಯಾಗೋ ತೋರಿಸ್ರಿ, ಬೈದ್ರ ಬೈಸ್ಕೋರಿ.

ಆ ಹಾಲಿನ್ಯಾಗ ಹಳೇವನ್ನೂ ತೋರಿಸಬಹುದು. ಫಿಲ್ಮ್ಸ್ ಡಿವಿಷನ್ ಈಗ ಎನ್‌ಎಫ್‌ಡಿಸಿ, ಅಂದ್ರ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಒಳಗ ಸೇರೇತಿ, ಅದರ ಜಗ್ಗಿ ಹಳೇ ಸಿನಿಮಾ ಯೂಟ್ಯೂಬಿನ್ಯಾಗ ಪುಕ್ಕಟ್ಟೆ ಅದಾವ. ಓಟಿಟಿಯಾಗ ಇರೋವನ್ನ ಸಾರ್ವಜನಿಕವಾಗಿ ಹಾಕಾಕ ಅನುಮತಿ ಬೇಕು, ಮನಿ ಅಕೌಂಟಿಂದ ಹಾಲ್‌ನ್ಯಾಗ ಹಾಕಂಗಿಲ್ಲ, ಆದ್ರ ನೆಟ್‌ಫ್ಲಿಕ್ಸ್‌ನವರು ತಮ್ಮ ಕೆಲವು ಡಾಕ್ಯುಮೆಂಟರಿಗೆ ಶಾಲಿ ಕಾಲೇಜಿನ್ಯಾಗ ತೋರಸಾಕ ಅನುಮತಿ ಕೊಡ್ತಾರ. ಬಾಕಿ ಸಿನಿಮಾಕ್ಕ ನಿರ್ದೇಶಕರಿಗೇ ಒಂದು ಮೇಲ್ ಹಾಕಿ ಕೇಳಬೇಕು.