ತುಟಿ ಮುಂದೆ, ಮಾತು ಹಿಂದೆ: ನಾಟಕದ ವಿಡಿಯೋದಲ್ಲಿ ಸಿಂಕ್ ಯಾಕೆ ತಪ್ಪುತ್ತದೆ?

ಪ್ರಶ್ನೆ: ಅಣ್ಣಾ, ಊರ ಹಬ್ಬಕ್ಕೆ ಆಡಿದ ಪೌರಾಣಿಕ ನಾಟಕವನ್ನು ಫೋನ್‌ನಲ್ಲೇ ಪೂರ್ತಿ ತೆಗೆದಿದ್ದೇನೆ. ಫೋನ್‌ನಲ್ಲಿ ನೋಡಿದರೆ ಎಲ್ಲಾ ಸರಿಯಾಗಿದೆ. ಕಂಪ್ಯೂಟರ್‌ನಲ್ಲಿ ಎಡಿಟಿಂಗ್‌ಗೆ ಹಾಕಿದರೆ ಮೊದಲು ಚೆನ್ನಾಗಿರುತ್ತೆ, ಆಮೇಲೆ ತುಟಿಗೂ ಮಾತಿಗೂ ಹೊಂದಿಕೆಯೇ ಇಲ್ಲ. ಸೌಂಡ್ ಎಳೆದು ಕೂರಿಸಿದರೂ ಹತ್ತು ನಿಮಿಷಕ್ಕೆ ಮತ್ತೆ ತಪ್ಪುತ್ತೆ. ಫೈಲ್ ಹಾಳಾಗಿದೆಯಾ? (ತುರುವೇಕೆರೆ ಕಡೆಯ ಓದುಗರೊಬ್ಬರು)

ಫೈಲ್ ಹಾಳಾಗಿಲ್ಲ, ಧೈರ್ಯವಾಗಿರಿ. ಫೋನ್‌ನಲ್ಲಿ ಸರಿಯಾಗಿ ಕಾಣುತ್ತಿದೆ ಅಂದರೆ ಚಿತ್ರವೂ ನೆಟ್ಟಗಿದೆ, ಮಾತೂ ನೆಟ್ಟಗಿದೆ. ಎಡಿಟಿಂಗ್ ಸಾಫ್ಟ್‌ವೇರ್ ಲೆಕ್ಕ ಹಾಕುವಾಗ ಎಡವುತ್ತಿದೆ, ಅಷ್ಟೇ. ತುಮಕೂರಿನಲ್ಲಿ ಮದುವೆ, ನಾಟಕ, ಜಾತ್ರೆ ಅಂತ ದಿನವೂ ಎಡಿಟಿಂಗ್ ಮಾಡುವವನು ನಾನು. ಈಚೆಗೆ ಜನ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆಯೇ ಇದು.

ಸೌಂಡ್ ಎಳೆಯುವ ಮೊದಲು ಒಂದು ಪರೀಕ್ಷೆ ಮಾಡಿ. ನಾಟಕದಲ್ಲಿ ಸದ್ದೂ ಕೇಳಬೇಕು, ಅದನ್ನು ಮಾಡಿದ ಕೈಯೂ ಕಾಣಬೇಕು, ಅಂಥ ಜಾಗ ಹುಡುಕಿ. ಭೀಮ ಗದೆಯನ್ನು ಹಲಗೆಗೆ ಕುಟ್ಟುವ ಕ್ಷಣ ಬಹಳ ಒಳ್ಳೆಯದು. ಟೈಮ್‌ಲೈನ್ ಹಿಗ್ಗಿಸಿ ನೋಡಿದರೆ ಸೌಂಡ್ ಪಟ್ಟಿಯಲ್ಲಿ ಆ ಹೊಡೆತ ಸೂಜಿಯಂತೆ ಎದ್ದು ನಿಂತಿರುತ್ತದೆ. ಗದೆ ಹಲಗೆಗೆ ತಗುಲಿದ ಫ್ರೇಮ್ (ವಿಡಿಯೋದ ಒಂದೊಂದು ಫೋಟೋಗೆ ಫ್ರೇಮ್ ಅಂತಾರೆ) ಎಲ್ಲಿದೆ, ಸೂಜಿ ಎಲ್ಲಿದೆ ನೋಡಿ. ಎರಡರ ನಡುವೆ ಎಷ್ಟು ಫ್ರೇಮ್ ಅಂತರ ಇದೆ, ಬರೆದಿಟ್ಟುಕೊಳ್ಳಿ. ಹೀಗೇ ಶುರುವಿನಲ್ಲಿ ಒಂದು ಕಡೆ, ನಡುವೆ ಒಂದು ಕಡೆ, ಕೊನೆಯಲ್ಲಿ ಒಂದು ಕಡೆ ಎಣಿಸಿ.

ಮೂರೂ ಕಡೆ ಅಂತರ ಒಂದೇ ಆಗಿದ್ದರೆ ಕೆಲಸ ಸುಲಭ. ಸೌಂಡನ್ನು ಒಮ್ಮೆ ಅಷ್ಟು ಸರಿಸಿದರೆ ಮುಗಿಯಿತು. ಅಂತರವೇ ಇಲ್ಲ, ಆದರೂ ಪ್ಲೇ ಮಾಡಿದಾಗ ತಪ್ಪಿದಂತೆ ಕೇಳುತ್ತದೆ ಅಂದರೆ ಕಿವಿಯಲ್ಲಿರುವ ಬ್ಲೂಟೂತ್ ಇಯರ್‌ಫೋನ್ ತೆಗೆದು ವೈರ್ ಇರುವುದನ್ನು ಹಾಕಿ. ಬ್ಲೂಟೂತ್‌ನಲ್ಲಿ ಮಾತು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ತಡವಾಗುವುದು ಮಾಮೂಲು. ಸರಿಯಾಗಿರುವ ಸೌಂಡನ್ನು ಅದನ್ನು ನಂಬಿ ಸರಿಸಿ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಕಂಪ್ಯೂಟರ್ ನಿಧಾನವಾಗಿದ್ದರೂ ಪ್ಲೇ ಮಾಡುವಾಗ ಚಿತ್ರ ತಡವರಿಸುತ್ತದೆ. ಅದಕ್ಕೆ ಪ್ರಾಕ್ಸಿ, ಅಂದರೆ ಅದೇ ವಿಡಿಯೋದ ಹಗುರ ಪ್ರತಿ ಮಾಡಿಕೊಂಡರೆ ಸಾಕು.

ನಿಮ್ಮದು ಇವೆರಡೂ ಅಲ್ಲ. ಅಂತರ ಬರ್ತಾ ಬರ್ತಾ ಬೆಳೆಯುತ್ತಿದೆ. ಇದಕ್ಕೆ ಮುಖ್ಯ ಕಾರಣ ವೇರಿಯಬಲ್ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಬರುವ ಫ್ರೇಮ್‌ಗಳ ಲೆಕ್ಕ ಒಂದೇ ಸಮ ಇಲ್ಲದಿರುವುದು.

ವಿಡಿಯೋ ಅಂದರೆ ಒಂದರ ಹಿಂದೆ ಒಂದು ಓಡುವ ಫೋಟೋಗಳು, ಅಲ್ವಾ. ದೊಡ್ಡ ಕ್ಯಾಮೆರಾ ಸೆಕೆಂಡಿಗೆ 25 ಅಂದರೆ ಕೊನೆಯವರೆಗೂ 25 ತೆಗೆಯುತ್ತದೆ. ಫೋನ್ ಹಾಗಲ್ಲ. ಪರದೆ ಬಿದ್ದು ಲೈಟ್ ಕಮ್ಮಿಯಾಯಿತು ಅಂದುಕೊಳ್ಳಿ. ಒಂದೊಂದು ಫೋಟೋಗೂ ಜಾಸ್ತಿ ಬೆಳಕು ಸಿಗಲಿ ಅಂತ ಫೋನ್ ಫ್ರೇಮ್‌ಗಳನ್ನು ಕಮ್ಮಿ ಮಾಡಿಬಿಡುತ್ತದೆ. ಬಿಸಿಯಾದಾಗಲೂ ಹೀಗೆ ಆಗಬಹುದು. ಆದರೆ ಯಾವ ಫ್ರೇಮ್ ಎಷ್ಟು ಹೊತ್ತು ನಿಲ್ಲಬೇಕು ಅಂತ ಫೈಲ್ ಒಳಗೆ ಬರೆದಿಟ್ಟಿರುತ್ತದೆ. ಫೋನ್‌ನ ಪ್ಲೇಯರ್ ಅದನ್ನು ಓದಿಕೊಂಡು ಸರಿಯಾಗಿ ತೋರಿಸುತ್ತದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳು ಆ ಬರಹವನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೆಕೆಂಡಿಗೆ 30 ಅಂದುಕೊಂಡು ಎಲ್ಲವನ್ನೂ ಒಂದೇ ಅಳತೆಯಲ್ಲಿ ಜೋಡಿಸಿಬಿಡುತ್ತವೆ.

ನಿಮಿಷಕ್ಕೆ ಬರೀ 2 ಫ್ರೇಮ್ ಕಮ್ಮಿ ಬಿದ್ದಿದೆ ಅಂತಿಟ್ಟುಕೊಳ್ಳಿ. 1800 ಇರಬೇಕಾದ ಕಡೆ 1798. ಒಂದು ಗಂಟೆಗೆ 120 ಫ್ರೇಮ್ ಕೊರತೆ, ಅಂದರೆ 4 ಸೆಕೆಂಡ್. ಸೌಂಡ್ ಮಾತ್ರ ತನ್ನ ಪೂರ್ತಿ ಉದ್ದಕ್ಕೆ ಹೋಗುತ್ತಿರುತ್ತದೆ. ಹಾಗಾಗಿ ಚಿತ್ರ ಬೇಗ ಮುಗಿಯುತ್ತದೆ, ಮಾತು ಹಿಂದೆ ಉಳಿಯುತ್ತದೆ. ಒಂದು ನಿಮಿಷದ ರೀಲ್‌ಗಳನ್ನು ಮಾಡುವವರಿಗೆ ಇದು ಅಷ್ಟಾಗಿ ಗೊತ್ತೇ ಆಗುವುದಿಲ್ಲ. ರಾತ್ರಿಯಿಡೀ ಆಡುವ ನಮ್ಮ ನಾಟಕಗಳಲ್ಲಿ ಕಣ್ಣಿಗೆ ರಾಚುತ್ತದೆ.

ಮಾತು ತುಸು ತಡವಾದರೆ ನಮ್ಮ ಕಿವಿ ಸಹಿಸಿಕೊಳ್ಳುತ್ತದೆ, ಮುಂಚೆ ಬಂದರೆ ಬೇಗ ಹಿಡಿದುಬಿಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಮಾತು ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನಕ್ಕೆ ಗೊತ್ತಾಗುತ್ತದೆ, ತಡವಾದರೆ ಸುಮಾರು 125ರವರೆಗೆ ಗೊತ್ತಾಗುವುದಿಲ್ಲ. ನಾಟಕದ ಬಯಲಲ್ಲಿ ಸ್ಟೇಜಿನಿಂದ 34 ಮೀಟರ್ ಹಿಂದೆ ಕೂತವರಿಗೆ ಬರೀ ಗಂಟಲಿನ ಮಾತು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿಯೇ ತಲುಪುತ್ತದೆ. ದೂರದ ಸದ್ದು ತಡವಾಗಿ ಬರುವುದು ನಮಗೆ ಹುಟ್ಟಿನಿಂದ ಅಭ್ಯಾಸ. ಅದಕ್ಕೇ ಸೌಂಡ್ ಕೂರಿಸುವಾಗ ಎರಡು ಫ್ರೇಮ್‌ಗಳ ನಡುವೆ ಅನುಮಾನ ಬಂದರೆ ತಡವಾಗುವ ಕಡೆಗೇ ಇಡಿ.

ಈಗ ಪರಿಹಾರ. ಮೀಡಿಯಾಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ಫೈಲನ್ನು ಅದರಲ್ಲಿ ತೆರೆದು ಫ್ರೇಮ್ ರೇಟ್ ಮೋಡ್ ಅನ್ನುವ ಸಾಲು ನೋಡಿ. ವೇರಿಯಬಲ್ ಅಂತ ಇದ್ದರೆ ನಮ್ಮ ಅನುಮಾನ ನಿಜ. ಆಮೇಲೆ ಹ್ಯಾಂಡ್‌ಬ್ರೇಕ್, ವಿಡಿಯೋ ಫೈಲನ್ನು ಬದಲಿಸಿಕೊಡುವ ಸಾಫ್ಟ್‌ವೇರ್, ಇದೂ ಉಚಿತ. ಅದರಲ್ಲಿ ಫೈಲ್ ತೆರೆದು ವಿಡಿಯೋ ಟ್ಯಾಬ್‌ಗೆ ಹೋಗಿ. ಫ್ರೇಮ್ ರೇಟ್ ಜಾಗದಲ್ಲಿ 30 ಆರಿಸಿ. ಅದರ ಕೆಳಗೇ ಇನ್ನೊಂದು ಆಯ್ಕೆ ಇದೆ, ಎಡವುವುದು ಅಲ್ಲೇ. ಮಾಮೂಲಿ ಪ್ರೀಸೆಟ್‌ಗಳಲ್ಲಿ, ಅಂದರೆ ಅದರಲ್ಲೇ ಸಿದ್ಧವಾಗಿರುವ ಸೆಟ್ಟಿಂಗ್‌ಗಳಲ್ಲಿ, ಅಲ್ಲಿ ಪೀಕ್ ಫ್ರೇಮ್‌ರೇಟ್ ಅಂತ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಹೊರಬರುವ ಫೈಲೂ ವೇರಿಯಬಲ್ಲೇ. ಕಾನ್‌ಸ್ಟಂಟ್ ಫ್ರೇಮ್‌ರೇಟ್ ಅಂತ ಬದಲಿಸಿ. ಆಗ ಕೊರತೆ ಇರುವ ಕಡೆ ಹಿಂದಿನ ಫ್ರೇಮನ್ನೇ ಇನ್ನೊಮ್ಮೆ ಇಟ್ಟು ತುಂಬಿಸುತ್ತದೆ. ಕ್ವಾಲಿಟಿ ಅಂಕಿಯನ್ನು 18ರ ಹತ್ತಿರ ಇಡಿ. ಅಂಕಿ ಕಮ್ಮಿಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ರಾತ್ರಿ ಹಾಕಿಟ್ಟು ಮಲಗಿದರೆ ಬೆಳಿಗ್ಗೆಗೆ ಆಗಿರುತ್ತದೆ.

ಶಾಟ್‌ಕಟ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಇಷ್ಟೂ ಬೇಕಿಲ್ಲ. ಇಂಥ ಫೈಲ್ ಹಾಕಿದ ಕೂಡಲೇ ಬದಲಿಸಿಕೊಡಲಾ ಅಂತ ಅದೇ ಕೇಳುತ್ತದೆ, ಹೂಂ ಅನ್ನಿ. ಡಾವಿಂಚಿ ರಿಸಾಲ್ವ್‌ನಲ್ಲಿ ಮಾತ್ರ ಪ್ರಾಜೆಕ್ಟಿನ ಫ್ರೇಮ್ ರೇಟನ್ನು ಕ್ಲಿಪ್ ಹಾಕುವ ಮೊದಲೇ ಸರಿಯಾಗಿ ಇಟ್ಟುಕೊಳ್ಳಬೇಕು, ಹಾಕಿದ ಮೇಲೆ ಬದಲಿಸಲು ಬಿಡುವುದಿಲ್ಲ.

ಆಗಲೇ ಅರ್ಧ ಕಟ್ ಮಾಡಿಟ್ಟಿದ್ದರೆ? ಹಳೇ ಫೈಲ್ ಜಾಗಕ್ಕೆ ಹೊಸದನ್ನು ಕೂರಿಸಬಹುದು, ಆದರೆ ಕಟ್‌ಗಳು ಅಲ್ಲಲ್ಲಿ ಜರುಗುತ್ತವೆ. ಬೇಜಾರಾದರೂ ಹೊಸದಾಗಿ ಶುರು ಮಾಡುವುದೇ ಒಳ್ಳೆಯದು. ನಾನು ಮೊದಲ ಸಲ ಹಾಗೆ ಮಾಡಲಿಲ್ಲ. ಕಾರಣ ಗೊತ್ತಿಲ್ಲದೆ ಸೌಂಡನ್ನು ನಲವತ್ತು ತುಂಡು ಮಾಡಿ ಒಂದೊಂದನ್ನೂ ಕೈಯಲ್ಲೇ ಕೂರಿಸಿದೆ. ಬೆಳಗಾಯಿತು. ಒಂದು ತುಂಡು ದುರ್ಯೋಧನನ ಕಂದಪದ್ಯದ ನಡುವೆಯೇ ಬಿದ್ದಿತ್ತು. ರಾಗ ಎಳೆಯುವ ಕಡೆ ಹಾರ್ಮೋನಿಯಂ ಟಕ್ ಅಂತ ಜಿಗಿಯಿತು. ಆ ಪಾತ್ರ ಮಾಡಿದವರು ಬಂದು ನೋಡಿದರು. ಏನೂ ಅನ್ನಲಿಲ್ಲ. ಅದೇ ಜಾಗವನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು, ಅಷ್ಟೇ. ತಿಂಗಳುಗಟ್ಟಲೆ ಮೇಷ್ಟ್ರ ಹತ್ತಿರ ಕೂತು ಕಲಿತ ಪದ್ಯ ಅದು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು, ಇಲ್ಲಿ ಒಂದು ಪದ್ಯ ಕೆಟ್ಟರೆ ನೋಡುವವರಿಗೆ ಗೊತ್ತಾಗದೆ ಇರುವುದಿಲ್ಲ.

ಮೈಕ್ ಸೆಟ್‌ನವರ ಮಿಕ್ಸರ್‌ನಿಂದ ಬೇರೆ ರೆಕಾರ್ಡರ್‌ಗೆ ಸೌಂಡ್ ತೆಗೆದಿದ್ದರೆ ಅಲ್ಲೂ ಚೂರು ವ್ಯತ್ಯಾಸ ಬರುತ್ತದೆ. ಎರಡು ಯಂತ್ರಗಳ ಗಡಿಯಾರ ಪೂರ್ತಿ ಒಂದೇ ಥರ ನಡೆಯುವುದಿಲ್ಲ. ಆದರೆ ಅದು ಗಂಟೆಗೆ ಎರಡು ಮೂರು ಫ್ರೇಮ್‌ನಷ್ಟು ಇರುತ್ತದೆ. ಪರದೆ ಬೀಳುವ ಕಡೆ ಕತ್ತರಿಸಿ ಸರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಮುಂದಿನ ಸಲ ಶೂಟ್ ಮಾಡುವಾಗ ಫೋನ್‌ನ ಪ್ರೊ ಮೋಡ್‌ನಲ್ಲಿ ಶಟರನ್ನು (ಒಂದೊಂದು ಫೋಟೋಗೂ ಬೆಳಕು ಬೀಳುವ ಹೊತ್ತನ್ನು) ಸೆಕೆಂಡಿನ 1/50ಕ್ಕೆ ಕಟ್ಟಿಹಾಕಿ. ಕತ್ತಲಾದರೂ ಫ್ರೇಮ್ ಬೀಳುವುದು ಬಹಳ ಕಮ್ಮಿಯಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೀನರಿ ಲೈಟುಗಳು ಪಟ್ಟೆ ಪಟ್ಟೆಯಾಗಿ ಕಾಣುವುದೂ ನಿಲ್ಲುತ್ತದೆ. ಐಫೋನ್ ಆದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಆಟೋ ಎಫ್‌ಪಿಎಸ್ ಆಫ್ ಮಾಡಿ. ಶುರುವಿಗೆ ಒಮ್ಮೆ, ಕೊನೆಗೆ ಒಮ್ಮೆ ಕ್ಯಾಮೆರಾ ಮುಂದೆ ಜೋರಾಗಿ ಚಪ್ಪಾಳೆ ತಟ್ಟಿ, ಮೇಲೆ ಹೇಳಿದ ಪರೀಕ್ಷೆಗೆ ಅನುಕೂಲ.

ಈಗಿನ ಫೈಲ್ ಬದಲಾಗಿ ಬಂದ ಮೇಲೆ ಶುರುವಿನಿಂದ ನೋಡುತ್ತಾ ಕೂರಬೇಡಿ. ನೇರವಾಗಿ ಕೊನೆಗೆ, ಮಂಗಳ ಹಾಡುವ ಜಾಗಕ್ಕೆ ಹೋಗಿ. ತಾಳ ಹಿಡಿದ ಕೈ ನೋಡಿ. ತಾಳ ಕೂಡುವ ಫ್ರೇಮಿನಲ್ಲೇ ಸದ್ದು ಬಂದರೆ ನಿಶ್ಚಿಂತೆಯಿಂದ ಎಡಿಟಿಂಗ್ ಶುರು ಮಾಡಿ. ಮೂಲ ಫೈಲನ್ನು ಮಾತ್ರ ನಾಟಕದವರ ಕೈಗೆ ವಿಡಿಯೋ ಸೇರುವವರೆಗೂ ಅಳಿಸಬೇಡಿ.