ಸೈಕಲ್ಲಿನ ಹೆಸರು ನೋಡುವ ಮುಂಚೆ ಹಿಂದಿನ ಹಬ್ ನೋಡಿ

"ಯಾವ ಕಂಪನಿ ಸೈಕಲ್ ಚೆನ್ನಾಗಿ ಬಾಳಿಕೆ ಬರುತ್ತೆ?" ಅಂಗಡಿಗೆ ಬಂದವರು ಮೊದಲು ಕೇಳುವುದು ಇದನ್ನೇ. ಇದಕ್ಕೆ ಬರೀ ಕಂಪನಿಯ ಹೆಸರು ಹೇಳಿದರೆ ಅದು ಅರ್ಧ ಉತ್ತರ. ಒಂದೇ ಹೆಸರಿನಲ್ಲಿ ಇಪ್ಪತ್ತು ಸಾವಿರದ ಸೈಕಲ್ಲೂ ಬರುತ್ತದೆ, ಮೂರು ಲಕ್ಷದ್ದೂ ಬರುತ್ತದೆ. ರೇಸಿನಲ್ಲಿ ಓಡಿ ಕಂಪನಿಗೆ ಹೆಸರು ತರುವುದು ದುಬಾರಿ ಮಾಡೆಲ್. ನಾವು ನೀವು ಮನೆಗೆ ತರುವುದು ಅಗ್ಗದ್ದನ್ನು. ಎರಡಕ್ಕೂ ಸಮಾನವಾಗಿರುವುದು ಬಹಳ ಸಲ ಸ್ಟಿಕ್ಕರ್ ಮಾತ್ರ.

ಹೆಸರು ಉಳಿದು ಒಳಗಿನ ಸರಕು ಪೂರ್ತಿ ಬದಲಾದ ಉದಾಹರಣೆ ಬೇಕಿದ್ದರೆ ಅಮೆರಿಕದ ಶ್ವಿನ್ ನೋಡಬೇಕು. 1895ರಲ್ಲಿ ಶಿಕಾಗೊದಲ್ಲಿ ಶುರುವಾದ ಕಂಪನಿ ಅದು. 1980ರಲ್ಲಿ ಅಲ್ಲಿನ ಕಾರ್ಖಾನೆಯಲ್ಲಿ ಮುಷ್ಕರವಾದ ಮೇಲೆ ತಯಾರಿಕೆ ಹೆಚ್ಚು ಹೆಚ್ಚಾಗಿ ತೈವಾನಿನ ಜಯಂಟ್ ಕಾರ್ಖಾನೆಗೆ ಹೋಯಿತು. 1992ರಲ್ಲಿ ಶ್ವಿನ್ ದಿವಾಳಿ ಅರ್ಜಿ ಹಾಕಿತು. 2001ರಲ್ಲಿ ಮತ್ತೊಮ್ಮೆ ದಿವಾಳಿಯಾಗಿ ಪೆಸಿಫಿಕ್ ಸೈಕಲ್ ಎಂಬ ಕಂಪನಿಯ ಪಾಲಾಯಿತು. ಆಮೇಲೆ ಅದೇ ಹೆಸರಿನ ಸೈಕಲ್ಲುಗಳು ದೊಡ್ಡ ದಿನಸಿ ಮಳಿಗೆಗಳಲ್ಲಿ ಅಗ್ಗಕ್ಕೆ ಸಿಗತೊಡಗಿದವು. ಹಳೆಯ ಶಿಕಾಗೊ ಸೈಕಲ್ ಓಡಿಸಿದವರ ಮೆಚ್ಚುಗೆ ಸುಳ್ಳಲ್ಲ, ಹೊಸದನ್ನು ಕೊಂಡವರ ದೂರೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿರುತ್ತಾರೆ. ಬೇರೆಯವರಿಗಾಗಿ ಸೈಕಲ್ ಮಾಡಿಕೊಡುತ್ತಿದ್ದ ಜಯಂಟ್ ಮಾತ್ರ ತನ್ನದೇ ಹೆಸರಿನಲ್ಲಿ ಜಗತ್ತಿನ ಅತಿ ದೊಡ್ಡ ಸೈಕಲ್ ಕಂಪನಿಗಳಲ್ಲಿ ಒಂದಾಗಿ ಬೆಳೆಯಿತು.

ನಮ್ಮ ಕಡೆಯ ಕಪ್ಪು ರೋಡ್‌ಸ್ಟರ್ ಸೈಕಲ್ಲುಗಳ ಹೆಸರಿಗೆ ಕಾರಣವೇ ಬೇರೆ. ಹರ್ಕ್ಯುಲಿಸ್, ಅಟ್ಲಾಸ್, ಹೀರೊ ಯಾವುದೇ ಇರಲಿ, 28 ಇಂಚು ಒಂದೂವರೆಯ ಟೈರು, ಕಾಟರ್ ಪಿನ್, ಬೇರಿಂಗಿನ ಬಾಲ್ಸು, ಅವನ್ನು ಒತ್ತಿ ಹಿಡಿಯುವ ಕೋನು ಹೋಬಳಿಯ ಅಂಗಡಿಯಲ್ಲೂ ಸಿಗುತ್ತಿದ್ದವು, ಬಹುಪಾಲು ಒಂದರದು ಇನ್ನೊಂದಕ್ಕೆ ಕೂರುತ್ತಿತ್ತು. ಅವು ಕೆಡುತ್ತಿರಲಿಲ್ಲ ಎಂದಲ್ಲ, ಕೆಟ್ಟ ದಿನವೇ ಸರಿಯಾಗುತ್ತಿದ್ದವು. ಗೇರ್ ಸೈಕಲ್ ಕೊಳ್ಳುವಾಗಲೂ ಬಾಳಿಕೆಯ ದೊಡ್ಡ ಪಾಲು ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಹಿಂದಿನ ಚಕ್ರಕ್ಕೆ ಬನ್ನಿ. ಕಡ್ಡಿಗಳೆಲ್ಲ ಬಂದು ಸೇರುವ ನಡುವಿನ ಭಾಗ ಹಬ್, ಅದರೊಳಗೆ ಹಾದುಹೋಗುವ ಸರಳು ಆಕ್ಸಲ್. ಅಗ್ಗದ ಮಾಡೆಲ್‌ಗಳಲ್ಲಿ ಗೇರ್ ಹಲ್ಲುಗಳ ಗುಂಪು ಹಬ್ಬಿನ ಮೇಲಿನ ತಿರುಪಿನ ಎಳೆಗಳಿಗೆ ತಿರುಗಿಸಿ ಕೂರಿಸಿದ ಫ್ರೀವೀಲ್ ಆಗಿರುತ್ತದೆ, ಸಾಮಾನ್ಯವಾಗಿ 6 ಅಥವಾ 7 ಸ್ಪೀಡು. ಈ ವಿನ್ಯಾಸದಲ್ಲಿ ಬಲಬದಿಯ ಬೇರಿಂಗ್ ಫ್ರೀವೀಲಿಗಿಂತ ಒಳಗಿರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಮೂರು ಸೆಂಟಿಮೀಟರಿಗೂ ಮಿಕ್ಕಿ ಆಕ್ಸಲ್‌ಗೆ ಯಾವ ಆಧಾರವೂ ಇಲ್ಲ. ಎಂಬತ್ತು ತೊಂಬತ್ತು ಕಿಲೋ ತೂಕದ ಸವಾರ ದಿನವೂ ಗುಂಡಿಗೆ ಇಳಿಸಿ ಹತ್ತಿಸಿದರೆ 10 ಮಿಲಿಮೀಟರ್ ದಪ್ಪದ ಆ ಆಕ್ಸಲ್ ಮೊದಲು ಬಾಗುತ್ತದೆ, ಆಮೇಲೆ ಮುರಿಯುತ್ತದೆ. ಬಾಗಿದ್ದು ಹೊರಗೆ ಕಾಣದು. ಗೇರ್ ಸರಿಯಾಗಿ ಕೂರುವುದಿಲ್ಲ, ಎಷ್ಟು ಸಲ ಕೋನು ಹೊಂದಿಸಿದರೂ ಚಕ್ರ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಸವಾರ ಗೇರಿನ ಕಂಪನಿಯನ್ನು ಬೈಯುತ್ತಾನೆ. ಇನ್ನೊಂದು ಬಗೆಯಾದ ಕ್ಯಾಸೆಟ್ ಹಬ್ಬಿನಲ್ಲಿ ಹಲ್ಲುಚಕ್ರಗಳು ಹಬ್ಬಿನದೇ ಭಾಗದ ಮೇಲೆ ಜಾರಿ ಕೂರುತ್ತವೆ. ಅದರಲ್ಲಿ ಬಲಬದಿಯ ಬೇರಿಂಗ್ ಫ್ರೇಮಿನ ಹತ್ತಿರಕ್ಕೇ ಬರುವುದರಿಂದ ಈ ತೊಂದರೆ ಅಪರೂಪ.

ಎರಡನ್ನೂ ಅಂಗಡಿಯಲ್ಲೇ ಗುರುತಿಸಬಹುದು. ಅತಿ ಚಿಕ್ಕ ಹಲ್ಲುಚಕ್ರದ ಹಲ್ಲು ಎಣಿಸಿ: 14 ಇದ್ದರೆ ಬಹುತೇಕ ಫ್ರೀವೀಲ್, 11 ಇದ್ದರೆ ಬಹುತೇಕ ಕ್ಯಾಸೆಟ್. ಖಾತ್ರಿ ಬೇಕಿದ್ದರೆ ಚಕ್ರ ಬಿಚ್ಚಿಸಿ ಹಲ್ಲುಗಳನ್ನು ಹಿಮ್ಮುಖ ತಿರುಗಿಸಿ. ಬಿಚ್ಚುವ ಟೂಲ್ ಕೂರುವ ನಡುವಿನ ಕಚ್ಚು ಹಲ್ಲುಗಳ ಜೊತೆಗೇ ತಿರುಗಿದರೆ ಕ್ಯಾಸೆಟ್, ನಿಂತಲ್ಲೇ ನಿಂತರೆ ಫ್ರೀವೀಲ್. ಸವಾರ ಹಗುರವಾಗಿದ್ದು ದಿನಕ್ಕೆ ಐದಾರು ಕಿಲೋಮೀಟರ್ ಓಡಾಟವಿದ್ದರೆ ಫ್ರೀವೀಲ್ ಸಾಕು. ಮಡಿಕೇರಿ ಕಡೆಯ ಏರಿಳಿತಕ್ಕೋ ಹಿಂದೆ ಕ್ಯಾರಿಯರ್ ಕಟ್ಟಿ ದೂರ ಹೋಗುವುದಕ್ಕೋ ಆದರೆ 8 ಸ್ಪೀಡಿನ ಕ್ಯಾಸೆಟ್ ಇರುವ ಮಾಡೆಲ್ಲಿಗೆ ಇನ್ನೊಂದಿಷ್ಟು ದುಡ್ಡು ಹಾಕಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೈಲರ್ ಮೇಲೆ ದೊಡ್ಡ ಹೆಸರು ಕಂಡು ಹಿಗ್ಗಬೇಡಿ. ಎದ್ದು ಕಾಣುವ ಜಾಗಕ್ಕೆ ಒಳ್ಳೆಯ ಭಾಗ ಹಾಕಿ, ಹಬ್, ಪೆಡಲ್ ಕೂರುವ ತೋಳಾದ ಕ್ರ್ಯಾಂಕ್, ಆ ತೋಳುಗಳು ತಿರುಗುವ ಬೇರಿಂಗ್ ಭಾಗವಾದ ಬಾಟಮ್ ಬ್ರಾಕೆಟ್‌ನಲ್ಲಿ ದುಡ್ಡು ಉಳಿಸುವುದು ಈ ವ್ಯಾಪಾರದ ಹಳೆಯ ರೂಢಿ.

ಎರಡನೆಯದು ಜೋಡಣೆ. ಸೈಕಲ್ ಡಬ್ಬಿಯಲ್ಲಿ ಬರುವಾಗ ಸುಮಾರು ಶೇಕಡಾ 85ರಷ್ಟು ಮಾತ್ರ ಜೋಡಣೆಯಾಗಿರುತ್ತದೆ, ಉಳಿದದ್ದು ಅಂಗಡಿಯವರ ಕೈಯಲ್ಲಿ. ಕಂಪನಿಯ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ಇಲ್ಲೇ ಹುಟ್ಟುತ್ತವೆ. ಚೌಕದ ಆಕ್ಸಲ್ ಮೇಲೆ ಕೂರುವ ಕ್ರ್ಯಾಂಕಿನ ಬೋಲ್ಟಿಗೆ 35ರಿಂದ 50 ನ್ಯೂಟನ್ ಮೀಟರ್ ಬಿಗಿತ ಬೇಕು. ಚಿಕ್ಕ ಅಲೆನ್ ಕೀಲಿಯಲ್ಲಿ ಮಣಿಕಟ್ಟಿನಿಂದ ತಿರುಗಿಸಿದರೆ ಅದರ ಅರ್ಧವೂ ಬರುವುದಿಲ್ಲ. ಸಡಿಲ ಕ್ರ್ಯಾಂಕಿನಲ್ಲಿ ನೂರು ಕಿಲೋಮೀಟರ್ ತುಳಿದರೆ ಅಲ್ಯೂಮಿನಿಯಂನ ಚೌಕ ತೂತು ಸವೆದು ದುಂಡಗಾಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲದು, ಕ್ರ್ಯಾಂಕನ್ನೇ ಬದಲಿಸಬೇಕು. ಪೆಡಲ್ಲಿನಿಂದ ಟಕ್ ಟಕ್ ಸದ್ದು ಕೇಳಿದ ದಿನವೇ ಓಡಿಸುವುದನ್ನು ನಿಲ್ಲಿಸಿ. ಹೊಸ ಚಕ್ರದ ಕಡ್ಡಿಗಳೂ ಮೊದಲ ನೂರಿನ್ನೂರು ಕಿಲೋಮೀಟರಿನಲ್ಲಿ ಸಡಿಲವಾಗುತ್ತವೆ. ಆಗ ಬಿಗಿಸಿ ಬೆಂಡ್ ತೆಗೆಸದಿದ್ದರೆ ಹಿಂದಿನ ಚಕ್ರದ ಗೇರ್ ಬದಿಯಲ್ಲಿ ಹಬ್ಬಿನ ಹತ್ತಿರದ ಬಾಗಿನಲ್ಲಿ ಕಡ್ಡಿ ತುಂಡಾಗುತ್ತದೆ. ಒಂದು ಹೋದರೆ ಒಂದನ್ನು ಹಾಕಿಸಿ. ಮೂರನೆಯದೂ ಹೋದರೆ ಚಕ್ರವನ್ನು ಪೂರ್ತಿ ಬಿಚ್ಚಿ ಹೊಸ ಕಡ್ಡಿಯಲ್ಲಿ ಕಟ್ಟಿಸುವುದೇ ಸರಿ.

ರೀಕಾಲ್ ಸುದ್ದಿ ಬಂದಾಗ ಕಂಪನಿಯ ಮಾನ ಹೋಯಿತು ಎನ್ನುವವರಿದ್ದಾರೆ. 2015ರಲ್ಲಿ ಟ್ರೆಕ್ ಎಂಬ ಸೈಕಲ್ ಕಂಪನಿ ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 10 ಲಕ್ಷ ಸೈಕಲ್ಲುಗಳ ಕ್ವಿಕ್ ರಿಲೀಸ್ ಲಿವರನ್ನು (ಪಾನಾ ಇಲ್ಲದೆ ಚಕ್ರ ಬಿಚ್ಚುವ ಹಿಡಿ) ವಾಪಸು ಕರೆಯಿತು. ಆ ಲಿವರ್ 180 ಡಿಗ್ರಿಗಿಂತ ಹೆಚ್ಚು ತೆರೆದುಕೊಂಡು ಮುಂದಿನ ಚಕ್ರದ ಬ್ರೇಕ್ ಡಿಸ್ಕಿಗೆ ಸಿಕ್ಕಿಕೊಳ್ಳಬಹುದಿತ್ತು. ಅದೇ ವರ್ಷ ಅದೇ ದೋಷಕ್ಕೆ ಜಯಂಟ್, ಸ್ಪೆಷಲೈಸ್ಡ್, ಕ್ಯಾನಂಡೇಲ್ ಸೇರಿ ಇನ್ನೂ 13 ಕಂಪನಿಗಳು ರೀಕಾಲ್ ಮಾಡಿದವು. ಹೆಸರು ಬೇರೆ, ಬಿಡಿಭಾಗದ ದೋಷ ಒಂದೇ! 2023ರಲ್ಲಿ ಅಂಟಿಸಿ ಮಾಡಿದ ದುಬಾರಿ ಕ್ರ್ಯಾಂಕುಗಳು ಬಿರಿಯುತ್ತವೆಂದು ಬಿಡಿಭಾಗ ತಯಾರಿಸುವ ಶಿಮಾನೊ ಕಂಪನಿ ತಪಾಸಣೆಗೆ ಕರೆದಾಗಲೂ ಅವು ಹಲವು ಕಂಪನಿಗಳ ಸೈಕಲ್ಲುಗಳಲ್ಲಿದ್ದವು. ದೋಷ ಒಪ್ಪಿಕೊಂಡು ಭಾಗ ಬದಲಿಸಿಕೊಟ್ಟ ಕಂಪನಿಗೆ ನನ್ನ ಲೆಕ್ಕದಲ್ಲಿ ಅಂಕ ಕಡಿಮೆಯಾಗುವುದಿಲ್ಲ. ಅಂದಹಾಗೆ, ನಿಮ್ಮ ಹಳೆಯ ಡಿಸ್ಕ್ ಬ್ರೇಕ್ ಸೈಕಲ್ಲಿನ ಮುಂದಿನ ಲಿವರನ್ನು ಪೂರ್ತಿ ತೆರೆದು ನೋಡಿ. ಲಿವರಿಗೂ ಡಿಸ್ಕಿಗೂ ನಡುವೆ ಒಂದು ಪೆನ್ಸಿಲ್ ತೂರದಿದ್ದರೆ, ಎಂದರೆ 6 ಮಿಲಿಮೀಟರ್ ಸಂದಿಲ್ಲದಿದ್ದರೆ, ಅದನ್ನು ಬದಲಿಸದೆ ಓಡಿಸಬೇಡಿ.

ಬೇರೆ ಸವಾರರ ಅಭಿಪ್ರಾಯ ಕೇಳುವಾಗ ಮಾಡೆಲ್ ಯಾವುದು, ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ, ಕೆಟ್ಟದ್ದು ಯಾವ ಭಾಗ ಎಂದು ಕೇಳಿ. ಚೈನು, ಬ್ರೇಕ್ ಪ್ಯಾಡು, ಟೈರು ಸವೆದದ್ದು ದೋಷವಲ್ಲ. ಫ್ರೇಮಿನ ಬೆಸುಗೆಯ ಹತ್ತಿರ ಬಿರುಕು ಬಂದಿದ್ದರೆ, ಅದೂ ಒಂದೇ ಮಾಡೆಲ್ಲಿನಲ್ಲಿ ನಾಲ್ಕಾರು ಜನಕ್ಕೆ ಬಂದಿದ್ದರೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ತಂದು ತಿಂಗಳಾಗಿದೆ, ಸೂಪರ್ ಸೈಕಲ್ ಎನ್ನುವ ಮಾತಿಗೆ ಬೆಲೆ ಕಡಿಮೆ. ಎರಡು ಮಳೆಗಾಲ ಕಂಡ ಸೈಕಲ್ಲಿನ ಬಗ್ಗೆ ಕೇಳಿ, ಅದರಲ್ಲೂ ಮಂಗಳೂರು, ಕಾರವಾರದಂಥ ಕರಾವಳಿಯದಾದರೆ ಇನ್ನೂ ಒಳ್ಳೆಯದು. ಉಪ್ಪು ಗಾಳಿಯಲ್ಲಿ ಅಗ್ಗದ ಸಸ್ಪೆನ್ಷನ್ ಫೋರ್ಕಿನ ಸರಳುಗಳು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತವೆ. ಡಾಂಬರು ರಸ್ತೆಯ ಓಡಾಟಕ್ಕಾದರೆ ಅದರ ಬದಲು ಗಟ್ಟಿ ಫೋರ್ಕಿನ ಮಾಡೆಲ್ಲೇ ಹಗುರ, ಕೆಡುವುದೂ ಕಡಿಮೆ.

ದುಡ್ಡು ಕೊಡುವ ಮುಂಚೆ ವಾರಂಟಿ ಚೀಟಿ ಓದಿ. ಫ್ರೇಮಿಗೆ ಆಜೀವ ಎಂದು ದಪ್ಪಕ್ಷರದಲ್ಲಿದ್ದರೂ ಅದು ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಮಾತ್ರ, ಬಿಲ್ಲೂ ಬೇಕು. ಬಾಟಮ್ ಬ್ರಾಕೆಟ್ ಕೆಳಗೆ ಕೊರೆದಿರುವ ಸೀರಿಯಲ್ ನಂಬರನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಕೊನೆಗೆ, ಹಿಂದಿನ ಡಿರೈಲರ್ ತೂಗುವ ಹ್ಯಾಂಗರ್ ಈಗ ಅಂಗಡಿಯಲ್ಲಿದೆಯೇ ಎಂದು ಕೇಳಿ. ಸೈಕಲ್ ಬಲಕ್ಕೆ ಬಿದ್ದರೆ ಫ್ರೇಮ್ ಉಳಿಸಲು ತಾನು ಬಾಗುವ ಅಥವಾ ಮುರಿಯುವ ಸಣ್ಣ ತುಂಡು ಅದು. ನೂರಾರು ಆಕಾರಗಳಿವೆ, ಒಂದರದು ಇನ್ನೊಂದಕ್ಕೆ ಕೂರದು, ಅದಿಲ್ಲದೆ ಸೈಕಲ್ ವಾರಗಟ್ಟಲೆ ಮೂಲೆಯಲ್ಲಿ ನಿಲ್ಲುತ್ತದೆ. ಇದೆ ಎಂದರೆ ಸೈಕಲ್ಲಿನ ಜೊತೆಗೇ ಒಂದು ಕೊಂಡು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಳ್ಳಿ. ತರಿಸಬೇಕು ಎಂದರೆ ಎಷ್ಟು ದಿನಕ್ಕೆ ಎಂದು ಕೇಳಿ, ಅದು ಬಂದ ದಿನ ಸೈಕಲ್ಲಿನ ದುಡ್ಡು ಕೊಡಿ.